ಅತ್ತೆಯ ಹಾಡಿಗೆ ಎರಡು ಕಾಲಂ

ಭಾನುವಾರಗಳಂದು ವಿಶ್ವವಿದ್ಯಾಲಯಕ್ಕೆ ಹೋಗಿ ತೌಲನಿಕ ಸಾಹಿತ್ಯ ಮತ್ತು ಸಂಸ್ಕೃತಿ ಕಲಿಯತೊಡಗಿದಾಗ ನನಗೆ ನಲವತ್ತು ದಾಟಿತ್ತು. ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಎಂ.ಎ. ಆದರೆ ಕಾಲೇಜಿಗೆ ಬಡ್ತಿ ಸಿಕ್ಕೀತೆಂಬುದು ನಿಜವಾದ ಕಾರಣ. ಕೇಳಿದವರಿಗೆ ಮಾತ್ರ ಸಾಹಿತ್ಯದ ಹಸಿವು ಎನ್ನುತ್ತಿದ್ದೆ. ನನ್ನ ಗಂಡ ನಂಬಲಿಲ್ಲ. “ಎರಡ ಭಾಷಾ ಹೋಲಿಸಾಕ ಅಷ್ಟ ದೂರ ಯಾಕ ಹೋಗ್ತಿ? ನಿಪ್ಪಾಣಿ ಬಸ್ ಸ್ಟ್ಯಾಂಡಿನಾಗ ಅರ್ಧಾ ತಾಸ ಕುಂದ್ರ, ಸಾಕು” ಎಂದ.

ನಮ್ಮ ಪ್ರಾಧ್ಯಾಪಕರು ದಕ್ಷಿಣದ ಕಡೆಯವರು. ಗಡಿಯ ಬಗ್ಗೆ ಎರಡು ಪುಸ್ತಕ ಬರೆದಿದ್ದರು. ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಮೊದಲ ದಿನವೇ, “ಗಡಿ ಎಂದರೆ ಎರಡು ಭಾಷೆಗಳ ನಡುವಿನ ಮೌನ” ಎಂದರು. ನಾವು ಬರೆದುಕೊಂಡೆವು. ನನ್ನ ಪಕ್ಕ ಕೂತಿದ್ದ ಕಾಗವಾಡದ ಅಂಗನವಾಡಿ ಶಿಕ್ಷಕಿ ಎದ್ದು ನಿಂತಳು.

“ನಾವು ವಾರಕ್ಕ ಎರಡ ಸಲ ಗಡಿ ದಾಟಿ ಮಿರಜಿಗಿ ಹೋಗ್ತೀವ್ರಿ ಸರ. ಅಲ್ಲಿ ಎಲ್ಲೂ ಮೌನ ಸಿಕ್ಕಿಲ್ರಿ. ಟಮಟಮ್ ಗಾಡಿಯಾಂವ ಕಿವಿ ಹರಿಯೂವಂಗ ಹಾಡ ಹಚ್ಚಿರತಾನ.”

“ಅದು ಹೊರಗಿನ ಸದ್ದು. ನಾನು ಹೇಳುತ್ತಿರುವುದು ಒಳಗಿನ ಮೌನ” ಎಂದರು ಸರ್. ಅದನ್ನೂ ಬರೆದುಕೊಂಡೆವು. ಪರೀಕ್ಷೆಯಲ್ಲಿ ಅದೇ ಬಂತು.

ಕಿರುಪ್ರಬಂಧಕ್ಕೆ ನನಗೆ ಸಿಕ್ಕಿದ್ದು ತೊಟ್ಟಿಲ ಹಾಡು. ಒಂದು ಹಾಡು ಸಂಗ್ರಹಿಸಿ ಅದನ್ನು ‘ಮೂಲ’, ‘ಪ್ರಭಾವ’ ಎಂದು ಎರಡು ಕಾಲಂನಲ್ಲಿ ಬಿಡಿಸಿಡಬೇಕು. ನಾನು ಮಂಗಸೂಳಿಯಲ್ಲಿರುವ ಸೋದರತ್ತೆಯ ಹತ್ತಿರ ಹೋದೆ. ಅತ್ತೆಗೆ ಎಪ್ಪತ್ತರ ಮೇಲೆ ವಯಸ್ಸು. ಮೊಮ್ಮಕ್ಕಳನ್ನು ಕನ್ನಡದಲ್ಲಿ ಮುದ್ದು ಮಾಡುತ್ತಾಳೆ, ಮರಾಠಿಯಲ್ಲಿ ಬೈಯುತ್ತಾಳೆ. ಹಾಡಿದ್ದೂ ಹಾಗೆಯೇ, ಒಂದು ಸಾಲು ಅದು, ಒಂದು ಸಾಲು ಇದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

“ಅತ್ತಿ, ಇದರಾಗ ಮೊದಲಿಂದು ಯಾವ್ದು?”

“ಮೊದಲ ಕೂಸ ಅಳತೈತಿ. ಆಮ್ಯಾಲ ನಮ್ಮ ಬಾಯಿಗಿ ಬಂದದ್ದು.”

ಇದನ್ನು ಯಾವ ಕಾಲಂಗೆ ಹಾಕುವುದೆಂದು ತಿಳಿಯದೆ ಸರ್‌ಗೆ ಹಾಗೇ ಒಪ್ಪಿಸಿದೆ. ಅವರು ಹಾಳೆ ವಾಪಸು ಕೊಟ್ಟರು. “ನಿಮ್ಮ ಮಾಹಿತಿದಾರರನ್ನು ನಾನೇ ನೋಡಬೇಕು” ಎಂದರು.

ಮುಂದಿನ ಭಾನುವಾರ ತರಗತಿಗೆ ರಜೆ ಕೊಟ್ಟು, ಕಾರು ಮಾಡಿಕೊಂಡು ಮಂಗಸೂಳಿಗೆ ಬಂದೇಬಿಟ್ಟರು. ಕಾರಿನಲ್ಲಿ ಬಂದವರೆಲ್ಲ ಊರ ದೇವರು ಮಲ್ಲಯ್ಯನಿಗೆ ಬಂದವರೆಂದೇ ಅತ್ತೆಯ ಲೆಕ್ಕ. “ಬರ್ರಿ ಸರ, ಮಲ್ಲಯ್ಯನ ದರ್ಶನ ಆತ್ರಿ?” ಎಂದು ಕೇಳಿ ಒಗ್ಗರಣೆ ಅವಲಕ್ಕಿ ಕೊಟ್ಟಳು. ಅತ್ತೆಗೆ ಕಿವಿ ಚುರುಕಾಗಿಯೇ ಇದೆ. ಆದರೂ ಸರ್ ಒಂದೊಂದೇ ಪದವನ್ನು ಬಿಡಿಸಿ ಗಟ್ಟಿಯಾಗಿ ಕೇಳಿದರು: “ಅಮ್ಮಾ, ಮರಾಠಿ ಬೆರೆಯದ ಶುದ್ಧವಾದ ಹಳೆಯ ಹಾಡು ಒಂದಾದರೂ ಇದೆಯೇ?”

“ಯಾಕ್ರಿ, ಆವತ್ತ ಹಾಡಿದ್ದು ಮೈಲಿಗಿ ಆಗೈತೇನ್ರಿ?”

ಸರ್ ನಕ್ಕು ಅದನ್ನೂ ಬರೆದುಕೊಂಡರು. ಅತ್ತೆ ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಹಳೆಯ ಧಾಟಿಯೊಂದನ್ನು ಹಿಡಿದು ಹಾಡಿದಳು:

ದೂರಿಂದ ಬಂದಾನ ದೊರಿಯಂಗ ಕುಂತಾನ
ನೀರ ಕೊಟ್ಟರ ಕುಲ ಕೇಳ್ಯಾನ, ತೊಟ್ಟಿಲದ
ಕೂಸ ನಕ್ಕರ ಬರಕೊಂಡಾನ.

ಎರಡನೆಯ ಸಾಲಿಗೇ ನನಗೆ ಗೊತ್ತಾಯಿತು. ಹಾಡಿನ ದೊರೆ ನಮ್ಮೆದುರು ಅವಲಕ್ಕಿ ತಿನ್ನುತ್ತಿದ್ದ. ಸರ್ ಮಾತ್ರ ಪ್ಲೇಟು ಕೆಳಗಿಟ್ಟರು. ಅವರ ಕಣ್ಣು ತೇವವಾಗಿತ್ತು. “ಕನಿಷ್ಠ ಮುನ್ನೂರು ವರ್ಷ ಹಳೆಯದು. ಇಲ್ಲಿ ದೊರೆ ಎಂದರೆ ಹೊರಗಿನಿಂದ ಬಂದ ಪ್ರಭುತ್ವ. ನೋಡಿದಿರಾ ಮೇಡಂ?” ಎಂದರು.

ನೋಡಿದ್ದೆ. ಆದರೆ ನನ್ನ ಅಂಕ ಅವರ ಕೈಯಲ್ಲಿತ್ತು. “ಹೌದು ಸರ್, ಪ್ರಭುತ್ವವೇ” ಎಂದೆ.

ಕಾರು ಹೋದ ಮೇಲೆ ಅತ್ತೆ ಪ್ಲೇಟು ಎತ್ತುತ್ತ, “ಒಳ್ಳೆ ಮನಷ್ಯಾ. ಏನ ಕೊಟ್ರೂ ತಿಂತಾನ” ಎಂದಳು.

“ನೀ ಹಂಗ ಮಾಡಬಾರ್ದಿತ್ತು, ಅತ್ತಿ.”

“ಅಂವ ಬೇಡಿದಾ, ಕೊಟ್ಟೆ. ಗೊತ್ತಿದ್ದೂ ನೀ ಯಾಕ ಹೂಂ ಅಂದಿ?”

ಚಿಕ್ಕೋಡಿಗೆ ಮರಳಿ ಆ ಮೂರು ಸಾಲಿನ ಮೇಲೆ ನಲವತ್ತು ಪುಟ ಬರೆದೆ. ಮೂರೂ ಸಾಲು ‘ಮೂಲ’ದಲ್ಲಿ ಕೂತವು. ‘ಪ್ರಭಾವ’ದ ಕೆಳಗೆ ಸರ್ ತಾವೇ ಕೆಂಪು ಪೆನ್ನಿನಲ್ಲಿ ‘ಇಲ್ಲ’ ಎಂದು ಬರೆದು, ತರಗತಿಯಲ್ಲೇ ಹೆಚ್ಚು ಅಂಕ ಕೊಟ್ಟರು. ಕಾಗವಾಡದ ಗೆಳತಿ ನೂರಾರು ಹಾಡು ಕೂಡಿಸಿ, ಯಾವುದನ್ನೂ ಬಿಡಿಸಲಾಗದು ಎಂದು ಪ್ರಾಮಾಣಿಕವಾಗಿ ಬರೆದಳು. ಅವಳಿಗೆ ಪಾಸಾಗುವಷ್ಟು ಸಿಕ್ಕಿತು. ವರ್ಷದೊಳಗೆ ಸರ್ ವಿಚಾರ ಸಂಕಿರಣವೊಂದರಲ್ಲಿ ಅದೇ ಹಾಡಿನ ಮೇಲೆ ಪ್ರಬಂಧ ಓದಿದರು. ಅದರಲ್ಲಿ ಅತ್ತೆ ‘ಅನಾಮಿಕ ಗಡಿಪ್ರಜ್ಞೆ’ ಆಗಿದ್ದಳು.

ಬಡ್ತಿ ಬರಲಿಲ್ಲ. ಅಥಣಿಯ ಕಾಲೇಜೊಂದರ ಸಂದರ್ಶನದಲ್ಲಿ ನನ್ನ ಕಾಗದಗಳನ್ನು ತಿರುವಿ ಹಾಕಿ, “ತೌಲನಿಕ ಅಂದ್ರ ಪೂರಾ ಕನ್ನಡ ಅಲ್ಲಲ್ರಿ” ಎಂದು ಕಳಿಸಿದರು. ಈಗಲೂ ಹೈಸ್ಕೂಲಿನಲ್ಲೇ ಇದ್ದೇನೆ. ಪದವಿ ಪ್ರಮಾಣಪತ್ರಕ್ಕೆ ಗಂಡ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗು ಹಾಕಿದ್ದಾನೆ.

ಕಳೆದ ತಿಂಗಳು ಅತ್ತೆ ನಮ್ಮಲ್ಲಿಗೆ ಬಂದಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಚೌಕಟ್ಟಿನ ಗಾಜಿನ ಮೇಲೆ ಬೆರಳಾಡಿಸಿ, “ಇದರಾಗ ನನ್ನ ಹೆಸರ ಎಲ್ಲೈತಿ?” ಎಂದು ಕೇಳಿದಳು.

ನಾನು ಚಹಾ ಇಡಲು ಒಳಗೆ ಹೋದೆ.