ಸಂಜೆಯ ಕ್ಷೌರ

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ನಾಸಿಕದ ದೇವಳಾಲಿ ಕ್ಯಾಂಪಿನಲ್ಲಿರುವ ನಮ್ಮ ಮನೆಯ ನಡುಕೋಣೆ. ಹಾಜರಿದ್ದವರು: ನಾನು, ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದ ನನ್ನ ಯಜಮಾನರು, ಮತ್ತು ಹಳೆಯ ಟ್ರಂಕಿನೊಳಗೆ ಸೊಂಟದವರೆಗೆ ಬಗ್ಗಿದ್ದ ಸೊಸೆ ಪ್ರಾಜಕ್ತಾ.

ಹೀಗೆ ಶುರು ಮಾಡಿದ್ದಕ್ಕೆ ಬೇಸರಿಸಬೇಡಿ. ದವಾಖಾನೆಯಲ್ಲಿ ನರ್ಸಾಗಿ ಸೇರಿ ವಾರ್ಡಿನ ಮುಖ್ಯಸ್ಥೆಯಾಗಿ ನಿವೃತ್ತಳಾದವಳು ನಾನು. ವಾರ, ವೇಳೆ, ಹಾಜರಿ ಹೇಳದೆ ಮುಂದಿನ ಮಾತು ನನಗೆ ಹೊರಡುವುದಿಲ್ಲ. ನಾನು ಊಟ ಬಡಿಸುವುದಿಲ್ಲ, ಡ್ಯೂಟಿ ಒಪ್ಪಿಸುತ್ತೇನೆ ಎಂಬುದು ಯಜಮಾನರ ಹಳೆಯ ದೂರು.

ಪ್ರಾಜಕ್ತಾ ಹುಡುಕುತ್ತಿದ್ದುದು ರೇಷ್ಮೆ ಶಲ್ಯವನ್ನು. ಮಂಗಳವಾರ ನೆಂಟರ ಮನೆಯಲ್ಲಿ ನಿಶ್ಚಿತಾರ್ಥವಿತ್ತು. ಸಿಕ್ಕಿದ್ದು ಬೇರೆಯೇ. ಟ್ರಂಕಿನಿಂದ ತೊಗಲು, ಹರಳೆಣ್ಣೆ, ಒಣಗಿದ ಬೇವಿನೆಲೆ ಮೂರೂ ಸೇರಿದ ಒಂದು ವಾಸನೆ ಎದ್ದು ಬಂತು. ಅದರ ಹಿಂದೆ ಅವಳ ಕೈ, ಕೈಯಲ್ಲೊಂದು ಅಗಲವಾದ ತೊಗಲಿನ ಪಟ್ಟಿ.

"ಆಈ, ಹಾ ಪಟ್ಟಾ ಕೋಣಾಚಾ? ಭೋಕಂಚ್ ನಾಹೀತ ಹ್ಯಾಲಾ!"

ಯಾರ ಬೆಲ್ಟು ಇದು, ಇದಕ್ಕೆ ತೂತೇ ಇಲ್ಲವಲ್ಲ ಎಂಬುದು ಅವಳ ಆಶ್ಚರ್ಯ. ಅವಳು ದಿಂಡೋರಿಯ ಮರಾಠಿ ಮನೆಯ ಹುಡುಗಿ. ನನ್ನ ಕನ್ನಡವನ್ನು ಪೂರ್ತಿ ತಿಳಿದುಕೊಂಡು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ನಾನು ಪಟ್ಟಿಯನ್ನು ಬಿಡಿಸಿದೆ. ಒಳಗೆ ಕೊಂಬಿನ ಹಿಡಿಯ ಮಡಿಸುವ ಕ್ಷೌರದ ಕತ್ತಿ ಮಲಗಿತ್ತು. ನನ್ನ ಮಾವನವರದು. ಪಟ್ಟಿ ಸೊಂಟಕ್ಕಲ್ಲ, ಆ ಕತ್ತಿಯ ಬಾಯಿ ನಯ ಮಾಡುವುದಕ್ಕೆ.

ಯಜಮಾನರ ಮುಖ ನೋಡಿದೆ. ಬಚ್ಚಲಲ್ಲಿ ಜಾರಿ ಬಿದ್ದಂದಿನಿಂದ ಗಡ್ಡಕ್ಕೆ ಬ್ಲೇಡು ತಾಗಿರಲಿಲ್ಲ. ನಾಳೆ ಸೋಮವಾರ, ನಮ್ಮಲ್ಲಿ ಯಾರೂ ಗಡ್ಡ ಮುಟ್ಟುವುದಿಲ್ಲ. ಹಾಗಾಗಿ ಇವತ್ತೇ ಆಗಬೇಕು.

"ನಾ ಮಾಡ್ತೀನಿ," ಅಂದೆ.

"ಇದರಿಂದ? ಯಾಕ, ನಾ ಏನ್ ತಪ್ಪ ಮಾಡೀನಿ ಈಗ?"

"ಸಲೂನಿಗಿ ಹೋಗ್ತೀರೇನು? ಐತವಾರ ಅಲ್ಲಿ ಪಾಳಿ ಹಚ್ಚಿ ಕೂಡಬೇಕು."

"ಬಾಬಾ, ಮೀ ಟ್ರಿಮರ್ ದೇತೇ," ಎಂದು ಪ್ರಾಜಕ್ತಾ ನಡುವೆ ಬಂದಳು.

"ಟ್ರಿಮರ್ ಬ್ಯಾಡ. ನಿನ್ನ ಅತ್ತಿ ಒಮ್ಮೆ ಅಂದಳಂದ್ರ ಮುಗೀತು. ದವಾಖಾನಿ ಸಮೀಪ ಅದಲ್ಲ?" ಅಂದರು ಯಜಮಾನರು.

ಟ್ರಂಕಿನ ತಳದಲ್ಲೇ ಇದ್ದ ಮಸೆಯುವ ಕಲ್ಲನ್ನು ನೀರಿನಲ್ಲಿ ನೆನೆ ಹಾಕಿದೆ. ಕತ್ತಿಯ ಬಾಯಿಗೆ ಸಣ್ಣಗೆ ತುಕ್ಕು ಹಿಡಿದಿತ್ತು. ಇನ್ನು ಅದು ಇಳಿಯುವವರೆಗೆ, ಓದುಗರೇ, ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದೊಯ್ಯುತ್ತೇನೆ. ಹೇಗೂ ಕೈಗೆ ಕೆಲಸವಿದ್ದರೆ ಬಾಯಿ ಖಾಲಿ ಇರುತ್ತದೆ.

ಆಗ ಅದು ಔರಂಗಾಬಾದ್. ಈಗ ಛತ್ರಪತಿ ಸಂಭಾಜಿನಗರ ಎಂದು ಬರೆಯುತ್ತೇನೆ, ಆದರೆ ನನ್ನ ನೆನಪಿನ ರೈಲು ಇನ್ನೂ ಹಳೆಯ ಬೋರ್ಡಿನ ಮುಂದೆಯೇ ನಿಲ್ಲುತ್ತದೆ. ಮಾವನವರು ಭಾಲ್ಕಿ ಕಡೆಯಿಂದ ಹೋಗಿ ಅಲ್ಲಿ ಬೇಳೆಕಾಳಿನ ಅಡತಿ ಅಂಗಡಿ ಇಟ್ಟಿದ್ದರು. ಮಗ, ಅಂದರೆ ನನ್ನ ಯಜಮಾನರು, ಅದೇ ಅಂಗಡಿಯಲ್ಲಿ ತೂಕ ನೋಡುತ್ತಿದ್ದರು. ನಾನು ಮದುವೆಗೆ ಮೊದಲೇ ಆ ಊರಿನ ದವಾಖಾನೆಯೊಂದರಲ್ಲಿ ನರ್ಸಾಗಿದ್ದೆ. ಮದುವೆಯ ಮಾತುಕತೆಯಲ್ಲಿ ಒಂದು ಕರಾರು ಆಗಿತ್ತು. ದೀಪಾವಳಿಯವರೆಗೆ ಸೊಸೆ ನೌಕರಿ ಮಾಡಲಿ, ಮುಂದೆ ಮಾವ ಹೇಳಿದ ಹಾಗೆ.

ಅತ್ತೆಯವರ ಅಭಿಪ್ರಾಯ ಮೊದಲ ದಿನವೇ ತಿಳಿದಿತ್ತು. "ಊರ ಮಂದೀ ಮೈ ತಿಕ್ಕಿ ಬಂದು ನನ್ನ ಒಲಿ ಮುಟ್ತಾಳ" ಎಂದು ಅವರು ಒಲೆಗೇ ಕೇಳಿಸುವಂತೆ ಹೇಳುತ್ತಿದ್ದರು. ಮಾವನವರ ಅಭಿಪ್ರಾಯ ತಿಳಿಯುವ ದಾರಿಯೇ ಇರಲಿಲ್ಲ. ನಮ್ಮ ಮನೆತನದಲ್ಲಿ ಮಾವ ಸೊಸೆಯೊಡನೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ನೀರು ಬೇಕಾದರೆ ಅವರು ಕಂಬವನ್ನು ನೋಡಿ "ನೀರು" ಅನ್ನುತ್ತಿದ್ದರು. ನಾನು ತಂದಿಟ್ಟು ಕಂಬದ ಹಿಂದೆ ಸರಿಯುತ್ತಿದ್ದೆ. ನೂರಾರು ಗಂಡಸರಿಗೆ ಸೂಜಿ ಚುಚ್ಚಿ, ಬೈದು, ಎಬ್ಬಿಸಿ ನಡೆಸಿದವಳು ಮನೆಗೆ ಬಂದು ಸೆರಗು ಹೊದ್ದು ನಿಲ್ಲುತ್ತಿದ್ದೆ. ಎರಡೂ ನಾನೇ. ಯಾವುದು ವೇಷ ಎಂದು ಆಗ ಕೇಳಿದ್ದರೆ ನನಗೂ ತಿಳಿಯುತ್ತಿರಲಿಲ್ಲ.

ಮಾವನವರು ಸೂರ್ಯ ಹುಟ್ಟುವ ಮೊದಲೇ ತಾವೇ ಕ್ಷೌರ ಮಾಡಿಕೊಂಡು, ಸ್ನಾನ ಮಾಡಿ, ಲಿಂಗಪೂಜೆಗೆ ಕೂಡುವವರು. ಕುತ್ತಿಗೆಯನ್ನು ಇನ್ನೊಬ್ಬರ ಕೈಗೆ ಕೊಡಬಾರದು ಎಂಬುದು ಅವರ ವ್ಯಾಪಾರದ ನೀತಿ, ಕ್ಷೌರದ ನೀತಿಯೂ ಅದೇ. ಆದರೆ ಆ ವರ್ಷ ಅವರ ಕೈ ನಡುಗತೊಡಗಿತ್ತು. ಮಳೆಗಾಲದ ಒಂದು ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದಾಗ ಪಡಸಾಲೆಯಲ್ಲಿ ಗದ್ದಲ. ಮಾವನವರ ಗದ್ದದಿಂದ ರಕ್ತ ಇಳಿಯುತ್ತಿತ್ತು. ಅರ್ಧ ಮುಖಕ್ಕೆ ನೊರೆ ಹಾಗೇ ಇತ್ತು. ರಕ್ತ ಕಂಡರಾಗದ ನನ್ನ ಯಜಮಾನರು ಆಗಲೇ ನೆಲಕ್ಕೆ ಕುಳಿತಿದ್ದರು. "ಯಾರರ ನೋಡ್ರೆವ್ವಾ!" ಎಂದು ಅತ್ತೆಯವರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು.

ನಾನು ಹತ್ತಿ ಒತ್ತಿ ರಕ್ತ ನಿಲ್ಲಿಸಿದೆ. ಆಮೇಲೆ ಏನು ತಿಳಿಯಿತೋ, ತಟ್ಟೆಯಿಂದ ಕತ್ತಿ ಎತ್ತಿಕೊಂಡು ಉಳಿದರ್ಧ ಕೆನ್ನೆಗೆ ಕೈ ಹಾಕಿದೆ. ಅರ್ಧಕ್ಕೆ ನಿಂತ ಕೆಲಸವನ್ನು ನೋಡುತ್ತ ನಿಲ್ಲುವುದು ನನ್ನಿಂದಾಗುವುದಿಲ್ಲ. ಮಾವನವರು ನನ್ನನ್ನು ನೋಡಲಿಲ್ಲ. ಎದುರಿನ ಕನ್ನಡಿಯನ್ನು ನೋಡಿ, ಕನ್ನಡಿಗೆ ಹೇಳಿದರು: "ಕತ್ತಿ ನೆಟ್ಟಗ ನಿಲ್ಲಸಬಾರ್ದು. ಮಲಗಿಸಬೇಕು."

ಅಂದಿನಿಂದ ನನ್ನ ಪಾಠ ಕನ್ನಡಿಯ ಮೂಲಕ ನಡೆಯಿತು. ದವಾಖಾನೆಯಲ್ಲಿ ಶಸ್ತ್ರಕ್ರಿಯೆಗೆ ಮೊದಲು ಕೂದಲು ತೆಗೆದ ಅನುಭವ ನನಗಿತ್ತು, ಅದರ ಜೊತೆಗೆ ಜಂಬವೂ ಇತ್ತು. ಆದರೆ ಅಲ್ಲಿಯ ರೇಜರಿನಲ್ಲಿ ಬ್ಲೇಡು ಪಂಜರದ ಹುಲಿ. ಇಲ್ಲಿ ಪಂಜರವಿಲ್ಲ. ಎಡಗೈ ಬೆರಳಿನಿಂದ ಚರ್ಮ ಬಿಗಿ ಹಿಡಿಯಬೇಕು, ಕೂದಲು ಮಲಗಿದ ದಿಕ್ಕಿಗೇ ಇಳಿಸಬೇಕು, ಕತ್ತಿಯ ತೂಕವನ್ನೇ ಒತ್ತಡ ಎಂದು ತಿಳಿಯಬೇಕು.

ತೊಂದರೆಯಾದದ್ದು ಕನ್ನಡಿಯಿಂದಲೇ. "ಎಡಕ್ಕ ಥೋಡೆ ಉಳದದ," ಅಂತ ಕನ್ನಡಿಗೆ ಹೇಳುತ್ತಿದ್ದರು. ನಾನೂ ತಲೆ ತಗ್ಗಿಸಿ ಕನ್ನಡಿಯಲ್ಲೇ ನೋಡುತ್ತಿದ್ದೆ. ಯಾರ ಎಡ? ನೇರ ಕೇಳುವಂತಿಲ್ಲ. ಅಡುಗೆಮನೆಗೆ ದನಿ ಎತ್ತುತ್ತಿದ್ದೆ: "ಅತ್ತಿ, ಯಾವ ಎಡ ಅಂತ ಕೇಳ್ರಿ."

"ಏನ್ರೀ, ಅಕಿ ಕೇಳಲತ್ತಾಳ, ಯಾರ ಎಡ?"

"ನನ್ನ ಎಡ ಅಂತ ಹೇಳು."

"ಅವರ ಎಡ ಅಂತವ್ವ! ಪಲ್ಯ ಹೊತ್ತಲತ್ತದ, ಇನ್ನೊಮ್ಮೆ ಕೇಳಬ್ಯಾಡ!"

ಇಷ್ಟರಲ್ಲಿ ನಾನು ಬಲಗೆನ್ನೆಯನ್ನು ಎರಡನೇ ಸಲ ಹೆರೆದು ಕೆಂಪಗೆ ಮಾಡಿರುತ್ತಿದ್ದೆ.

ಹರಿತ ಕಾಯುವ ಪಾಠ ಇನ್ನೂ ಕಠಿಣ. ಮೊದಲ ಸಲ ತೊಗಲ ಪಟ್ಟಿ ಕೈಗೆ ಬಂದಾಗ, ಕಲ್ಲಿನ ಮೇಲೆ ಮಸೆದಂತೆಯೇ ಕತ್ತಿಯ ಬಾಯಿ ಮುಂದು ಮಾಡಿ ಜೋರಾಗಿ ಎಳೆದೆ. ಪಟ್ಟಿಯ ಅಂಚು ಹಸಿ ಸೌತೆಕಾಯಿಯ ಹಾಗೆ ಸೀಳಿತು, ಕತ್ತಿಯ ಬಾಯಿ ಮೊಂಡಾಯಿತು. ಮಾವನವರು ಕನ್ನಡಿ ನೋಡಿದರು. "ಕಲ್ಲಿನ ಮ್ಯಾಲ ಬಾಯಿ ಮುಂದ. ತೊಗಲಿನ ಮ್ಯಾಲ ಬೆನ್ನು ಮುಂದ. ಹೊಳ್ಳಿಸುವಾಗ ಬೆನ್ನಿನ ಮ್ಯಾಲೇ ಹೊಳ್ಳಿಸಬೇಕು," ಎಂದು ಕತ್ತಿಯನ್ನು ಮಗುಚಿ ತೋರಿಸಿದರು. ಬೈಗುಳವಿರಲಿಲ್ಲ. ಕನ್ನಡಿಯನ್ನು ಬೈದು ಏನು ಪ್ರಯೋಜನ?

ಮಳೆಗಾಲ ಕಳೆಯಿತು. ನನ್ನ ಕೈ ಕುದುರಿತು. ದೀಪಾವಳಿ ಹತ್ತಿರವಾಯಿತು, ನೌಕರಿಯ ಕರಾರು ಮುಗಿಯುವ ಹೊತ್ತು. ಪ್ರತಿ ಸಲ ಕ್ಷೌರ ಮುಗಿದ ಮೇಲೆ ಮಾವನವರು ಏಳದೆ, ಕನ್ನಡಿಯಲ್ಲಿ ಕಣ್ಣಿಟ್ಟು ಸ್ವಲ್ಪ ಹೊತ್ತು ಕೂಡುತ್ತಿದ್ದರು. ನಾನು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಉಸಿರು ಹಿಡಿದಿರುತ್ತಿದ್ದೆ. ಆಮೇಲೆ ಎದ್ದು ಹೋಗುತ್ತಿದ್ದರು. ಕೂದಲು ಉಳಿದಿದೆಯೋ ಎಂದು ನೋಡಿಕೊಳ್ಳುತ್ತಿದ್ದರು ಎಂದುಕೊಂಡೆ.

ದೀಪಾವಳಿಯೂ ಮುಗಿಯಿತು, ನನಗೆ ಹಗಲುಪಾಳಿ ಬಿತ್ತು. ಒಂದು ದಿನ ಕನ್ನಡಿಗೆ ಹೇಳಿದರು: "ನಾಳಿಂದ ಸಂಜೀಗಿ. ಡ್ಯೂಟಿ ಮುಗದ ಮ್ಯಾಲ."

ಈ ಮಾತಿನ ತೂಕ ನಿಮಗೆ ತಿಳಿಯಬೇಕು. ಜೀವಮಾನವಿಡೀ ಸೂರ್ಯನಿಗಿಂತ ಮುಂಚೆ ಕ್ಷೌರ ಮಾಡಿಕೊಂಡ ಮನುಷ್ಯ, ಸೊಸೆಯ ಪಾಳಿಗಾಗಿ ಅದನ್ನು ಸಂಜೆಗೆ ಸರಿಸಿದರು. ಸಂಜೆ ಕ್ಷೌರವಾದರೆ ಮತ್ತೆ ಸ್ನಾನ, ಮತ್ತೆ ಮಡಿ. ಇದು ಒಪ್ಪಿಗೆಯಲ್ಲದೆ ಮತ್ತೇನು? ಆ ರಾತ್ರಿ ನಾನು ಸುಖವಾಗಿ ನಿದ್ದೆ ಮಾಡಿದೆ. ಮುಂದೆ ಅವರು ಇರುವವರೆಗೆ ಸಂಜೆಯ ಕ್ಷೌರ ನಡೆಯಿತು. ಅವರು ಹೋದ ಮೇಲೆ ಯಜಮಾನರು ಲಾಸಲಗಾಂವಿನ ಈರುಳ್ಳಿ ವ್ಯಾಪಾರಕ್ಕೆ ಇಳಿದರು, ನಾನು ನಾಸಿಕದ ದವಾಖಾನೆ ಸೇರಿದೆ. ಹೊಸ ನರ್ಸುಗಳು ಮನೆಯವರ ವಿರೋಧಕ್ಕೆ ಕಣ್ಣೀರು ಹಾಕಿದಾಗಲೆಲ್ಲ ಈ ಕಥೆ ಹೇಳಿದ್ದೇನೆ. ಹಿರಿಯರು ಬಾಯಲ್ಲಿ ಹೇಳುವುದಿಲ್ಲ, ಗಡಿಯಾರ ಸರಿಸಿ ಹೇಳುತ್ತಾರೆ ಎಂದು.

ಟ್ರಂಕು ತೆಗೆದ ಆ ಭಾನುವಾರ ಸಂಜೆ ಪ್ರಾಜಕ್ತಾಗೂ ಇದನ್ನೇ ಹೇಳಿದೆ. ತುಕ್ಕು ಇಳಿಸುವುದರಲ್ಲೇ ಹಗಲು ಕಳೆದು, ಆ ಹೊತ್ತಿಗೆ ಕತ್ತಿ ಸಿದ್ಧವಾಗಿತ್ತು. ನನ್ನ ಮುಂಗೈ ಕೂದಲನ್ನು ತಾಗಿದೊಡನೆ ಕತ್ತರಿಸಿತ್ತು. ವರಾಂಡದಲ್ಲಿ ಕುರ್ಚಿ ಹಾಕಿ ಯಜಮಾನರನ್ನು ಕೂರಿಸಿದ್ದೆ. ವಾರದ ದಿನವಾಗಿದ್ದರೆ ಕ್ಯಾಂಪಿನ ಸೈನ್ಯದ ತೋಪುಗಳ ಅಭ್ಯಾಸಕ್ಕೆ ಕಿಟಕಿಯ ಗಾಜು ಅದುರುತ್ತದೆ, ಕತ್ತಿ ಹಿಡಿಯುವ ಹೊತ್ತಲ್ಲ ಅದು. ಭಾನುವಾರ ಶಾಂತ. ಎರಡೂ ಕೆನ್ನೆ ಮುಗಿದಿದ್ದವು.

"ಮ್ಹಣಜೆ ಆಜೋಬಾಂನೀ ಪರವಾನಗೀ ದಿಲೀ!" ಅಂದರೆ ಅಜ್ಜ ಒಪ್ಪಿಗೆ ಕೊಟ್ಟರಲ್ಲ ಎಂದು ಬಟ್ಟಲು ಹಿಡಿದು ನಿಂತಿದ್ದ ಪ್ರಾಜಕ್ತಾ ಕಣ್ಣರಳಿಸಿದಳು.

"ಯಾರು ಹೇಳ್ಯಾರ ಪರವಾನಗಿ ಕೊಟ್ಟ ಅಂತ?" ಅಂದರು ಯಜಮಾನರು.

ಕತ್ತಿಯನ್ನು ಮೇಲೆತ್ತಿದೆ. "ಅಂದ್ರ?"

"ಅಪ್ಪ ನನಗ ಹೇಳಿದ್ದ. ಹಬ್ಬ ಆದ ಮ್ಯಾಲ ನೌಕರಿ ಬಿಡಂತ ನಿನ್ನ ಹೇಣ್ತಿಗಿ ಹೇಳು ಅಂತ. ಅಂಗಡಿಂದ ಬರೋ ದಾರಿಯೊಳಗ."

"ನನಗ್ಯಾಕ ಹೇಳ್ಲಿಲ್ರಿ?"

"ಮನಿಗಿ ಬಂದೆ. ನೀ ಡ್ಯೂಟಿಗಿ ಹೋಗಿದ್ದಿ. ಮರ್ತೆ."

"ಮರುದಿನ?"

"ಮರುದಿನಾನೂ ನೀ ಡ್ಯೂಟಿಗಿ ಹೋಗಿದ್ದಿ."

ಪ್ರಾಜಕ್ತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನನಗೆ ನಗು ಬರಲಿಲ್ಲ. "ಮಾವನೋರು ಮತ್ತ ಕೇಳ್ಲಿಲ್ಲೇನು?"

"ಕೇಳ್ದ. ಹೇಳೀನಿ ಅಂದೆ. ಏನಂದಳು ಅಂದ. ವಿಚಾರ ಮಾಡಿ ಹೇಳ್ತಾಳಂತ ಅಂದೆ."

"ಅದಕ್ಕ?"

"ಮಾಡ್ಲಿ, ಅಲ್ಲೀತನಕ ಕ್ಷೌರ ಸಂಜೀಗಿ ಇಟ್ಕೋತೀನಿ ಅಂದ."

ಹಾಗಾದರೆ ಅದು ಒಪ್ಪಿಗೆಯಾಗಿರಲಿಲ್ಲ. ತಾತ್ಕಾಲಿಕ ವ್ಯವಸ್ಥೆ. ನಾನು ಅವರ ತೀರ್ಪಿಗೆ ಉಸಿರು ಹಿಡಿದು ಕಾದಿದ್ದೆ, ಅವರು ಕನ್ನಡಿಯಲ್ಲಿ ಕಣ್ಣಿಟ್ಟು ನನ್ನ ಉತ್ತರಕ್ಕೆ ಕಾದಿದ್ದರು. ನನಗೆ ಯಾರೂ ಕೇಳದ ಪ್ರಶ್ನೆಯ ಉತ್ತರಕ್ಕೆ. ಒಂದೇ ಒಂದು ಸಲ ನನ್ನ ಕಡೆ ತಿರುಗಿ "ಏನವ್ವ?" ಅಂದಿದ್ದರೆ ಸಾಕಿತ್ತು. ಅಂದಿದ್ದರೆ ನಾನು ನೌಕರಿ ಬಿಡುತ್ತಿದ್ದೆ, ಅದರಲ್ಲಿ ಸಂಶಯವಿಲ್ಲ. ಆಗಿನ ನಾನು ಎದುರಾಡುವವಳಲ್ಲ. ಅಥವಾ ಅವರೂ ಉತ್ತರ ಬರದಿದ್ದರೇ ಒಳ್ಳೆಯದು ಎಂದು ಕಾಯುತ್ತಿದ್ದರೇ? ಅಷ್ಟು ವರ್ಷ ಯಾರಾದರೂ ಕಾಯುತ್ತಾರೆಯೇ? ಅಲ್ಲಿಗೆ ಬಂದು ನನ್ನ ಲೆಕ್ಕ ನಿಂತಿತು. ಹೊಸ ನರ್ಸುಗಳಿಗೆ ನಾನು ಹೇಳಿದ ಕಥೆ ಸುಳ್ಳೋ ನಿಜವೋ, ಅದೂ ತಿಳಿಯದಾಯಿತು.

ಪ್ರಾಜಕ್ತಾ ಬಟ್ಟಲನ್ನು ಮುಂದೆ ಹಿಡಿದಳು. "ಆಈ, ಸಾಬಣ ವಾಳತೋಯ," ಅಂದಳು. ಸಾಬೂನು ಒಣಗುತ್ತಿತ್ತು, ನಿಜ. ಕುತ್ತಿಗೆ ಇನ್ನೂ ಉಳಿದಿತ್ತು. ಹೊಸದಾಗಿ ನೊರೆ ಹಚ್ಚಿ, ಗದ್ದ ಎತ್ತಿಸಿ, ಚರ್ಮ ಬಿಗಿ ಹಿಡಿದು ಕತ್ತಿಯನ್ನು ಗಂಟಲಿನ ಮೇಲೆ ಮಲಗಿಸಿದೆ. ಮಲಗಿಸಿದ ಮೇಲೆ ಕೇಳಿದೆ.

"ಖರೆ ಹೇಳ್ರಿ. ಮರ್ತದ್ದು ಮುಚ್ಚಲಿಕ್ಕ ನಿಮ್ಮಪ್ಪಗ ವಿಚಾರ ಮಾಡ್ತಾಳಂತ ಅಂದ್ರೋ, ನನ್ನ ಸಲುವಾಗಿ ಅಂದ್ರೋ?"

ಗಂಟಲಿನ ಮೇಲೆ ಕತ್ತಿಯಿರುವಾಗ ಮನುಷ್ಯ ಮಾತಾಡುವಂತಿಲ್ಲ. ಅದು ಗೊತ್ತಿದ್ದೂ ಆ ಹೊತ್ತಿಗೇ ಯಾಕೆ ಕೇಳಿದೆನೋ, ನನಗೆ ಸ್ಪಷ್ಟವಿಲ್ಲ. "ಹ್ಞೂಂ," ಎಂಬ ಸದ್ದು ಬಂತು. ಎರಡಕ್ಕೂ ಸಲ್ಲುವ ಸದ್ದು. ಅವರ ಕಣ್ಣು ನನ್ನ ಮೇಲಿತ್ತು. ಕತ್ತಿ ಎತ್ತಿದ್ದರೆ ಹೇಳುತ್ತಿದ್ದರು. ನಾನು ಎತ್ತಲಿಲ್ಲ. ನಿಧಾನವಾಗಿ, ಒಂದು ಕೂದಲೂ ಉಳಿಯದಂತೆ ಇಳಿಸಿದೆ. ಮುಗಿದೊಡನೆ ಬಿಸಿ ಟವೆಲನ್ನು ಬಾಯಿ ಸಮೇತ ಮುಖದ ಮೇಲೆ ಒತ್ತಿ ಹಿಡಿದೆ. ಟವೆಲಿನ ಒಳಗಿನಿಂದ ಏನೋ ಹೇಳತೊಡಗಿದರು.

"ಇರಲಿ ಬಿಡ್ರಿ," ಅಂದೆ. "ಈಗ ಬ್ಯಾಡ."

ಕತ್ತಿಯನ್ನು ತೊಳೆದೆ, ಒರೆಸಿದೆ. ಪಟ್ಟಿಯ ಮೇಲೆ ಬೆನ್ನು ಮುಂದು ಮಾಡಿ ಎಳೆದೆ. ಒಂದು ಹನಿ ಎಣ್ಣೆ ಸವರಿ ಮಡಿಸಿ ಇಟ್ಟೆ. ಒಳಗೆ ಪ್ರಾಜಕ್ತಾ ದೀಪ ಹಚ್ಚಿದ್ದಳು.