ಪ್ರಸ್ಥಾನದ ಗಂಟು

ಹಡಗು ಕೂಗಿದ್ದು ನಮಗೆ ಮೊದಲು ಗೊತ್ತಾಗುತ್ತಿದ್ದುದು ಅಡುಗೆಮನೆಯ ಪಾತ್ರೆಗಳಿಂದ. ಬಂದರಿನಲ್ಲಿ ಯಾವುದೋ ಸ್ಟೀಮರ್ ಭೋಂ ಎಂದು ದನಿ ತೆಗೆದರೆ, ಆ ದನಿ ಗೋದಾಮುಗಳ ತಗಡಿನ ಮಾಡುಗಳನ್ನೂ ಉಪ್ಪಿನ ಗದ್ದೆಗಳನ್ನೂ ದಾಟಿ ವಡಾಲದ ನಮ್ಮ ಮನೆ ತಲುಪುವಷ್ಟರಲ್ಲಿ ತೀರಾ ತೆಳ್ಳಗಾಗಿರುತ್ತಿತ್ತು. ಆದರೆ ಗೋಡೆಯ ಹಲಗೆಯ ಮೇಲೆ ಸಾಲಾಗಿ ಬೋರಲು ಹಾಕಿದ್ದ ಹಿತ್ತಾಳೆ ಪಾತ್ರೆಗಳು ಒಂದರ ಹಿಂದೊಂದು ಗುಂಯ್ ಎನ್ನತೊಡಗುತ್ತಿದ್ದವು. ಎಲ್ಲಕ್ಕಿಂತ ಜೋರು ಕೊನೆಯಲ್ಲಿದ್ದ ದೊಡ್ಡ ಕೊಡಪಾನದ್ದು. ಚಿಕ್ಕಮ್ಮ ತುರಿಯುತ್ತಿದ್ದ ತೆಂಗಿನಕಾಯಿ ಬಿಟ್ಟು ಎದ್ದು ಅದರ ಬೆನ್ನಿನ ಮೇಲೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. ಕೊಡಪಾನ ಸುಮ್ಮನಾಗುತ್ತಿತ್ತು.

"ಸಾಕು ಮಾರಾಯ್ತಿ, ಎಷ್ಟು ಕರೀತಿ. ಬರ್ತೇನೆ ಅಂತ ಹೇಳಿದ್ದೇನಲ್ಲ" ಎಂದು ಅದಕ್ಕೆ ಹೇಳುತ್ತಿದ್ದಳು.

ಅವಳು ನನ್ನ ತಂದೆಯ ತಮ್ಮನ ಹೆಂಡತಿ. ಮದುವೆಯಾಗಿ ಒಂದು ಮಳೆಗಾಲ ಕಳೆಯುವುದರೊಳಗೆ ಚಿಕ್ಕಪ್ಪ ಪೋರ್ಚುಗೀಸರ ಆಫ್ರಿಕಾಕ್ಕೆ, ಬೈರಾ ಎಂಬ ಊರಿಗೆ, ಕೆಲಸಕ್ಕೆ ಹೋದವರು ಮತ್ತೆ ಬಂದಿರಲಿಲ್ಲ. ಅವರು ಹೋದಾಗ ನಾನು ತೊಟ್ಟಿಲಲ್ಲಿದ್ದೆನಂತೆ. ಈಗ ಕಾನ್ವೆಂಟಿನ ನೀಲಿ ಪಿನಾಫೋರ್ ಹಾಕಿಕೊಂಡು ಬೈಕುಲ್ಲಾಕ್ಕೆ ಹೋಗುವ ಹುಡುಗಿ. ಅಷ್ಟು ವರ್ಷ ಅವಳು ನಮ್ಮ ಜೊತೆ ಇದ್ದಳು. ನನ್ನ ಜಡೆ, ನನ್ನ ಟಿಫಿನ್, ನನ್ನ ಹೋಂವರ್ಕ್ ಪಕ್ಕದ ಕಾವಲು, ಎಲ್ಲ ಅವಳದೇ. ಬಿಲ್ಡಿಂಗಿನ ಹೆಂಗಸರು ಅವಳನ್ನು ಅರಸಿನ ಕುಂಕುಮಕ್ಕೆ ಕರೆಯುತ್ತಿದ್ದರು. ಆದರೆ ಕೊಡುವಾಗ ಅವರ ಕೈ ಒಂದು ಗಳಿಗೆ ಅನುಮಾನಿಸುತ್ತಿತ್ತು, ಇವಳು ಗಂಡ ಇರುವವಳೋ ಇಲ್ಲದವಳೋ ಎನ್ನುವ ಹಾಗೆ. ಅವಳು ಅದನ್ನು ನೋಡಿಯೂ ನೋಡದ ಹಾಗೆ ನಗುತ್ತಿದ್ದಳು.

ಐವತ್ತರ ದಶಕದ ಮೊದಲ ವರ್ಷಗಳು. ಚಿಕ್ಕಪ್ಪನ ಕಂಪನಿಯವರು ಕೊನೆಗೂ ಹೆಂಡತಿಯನ್ನು ಕರೆಸಿಕೊಳ್ಳಲು ಒಪ್ಪಿದ್ದರು. ಟಿಕೆಟ್ ಅವರ ದೇಶದ ಹಡಗಿನಲ್ಲಿ, ಮತ್ತು ಆ ಹಡಗು ಬೊಂಬಾಯಿಗೆ ಬರುತ್ತಿರಲಿಲ್ಲ. ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ರೈಲಿನಲ್ಲಿ ಗಡಿ ದಾಟಿ ಮಾರ್ಮಗೋವಾ ಬಂದರಿನಲ್ಲಿ ಹತ್ತಬೇಕು. ನನ್ನ ಮೊಮ್ಮಕ್ಕಳು ಈಗ ಕ್ರೂಸ್ ಶಿಪ್ ಎನ್ನುತ್ತಾರಲ್ಲ, ಸುಮಾರು ಅಂಥದೇ: ಬಿಳಿ ಬಣ್ಣ, ಬ್ಯಾಂಡು, ಡೆಕ್ಕಿನ ಮೇಲೆ ಕುರ್ಚಿಗಳು. ಈ ಹಡಗು ತಪ್ಪಿದರೆ ಅಲ್ಲಿನ ಸರ್ಕಾರ ಕೊಟ್ಟ ಪರ್ಮಿಟ್ಟಿನ ಅವಧಿ ಮುಗಿಯುತ್ತಿತ್ತು. ಮತ್ತೆ ಸಿಗುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಹೊರಡುವ ದಿನ ಅಮಾವಾಸ್ಯೆ.

ಅಜ್ಜಿ ಪಂಚಾಂಗ ಮಡಚಿಟ್ಟು, "ಹಡಗಿನವರಿಗೆ ಅಮಾವಾಸ್ಯೆ ಗೊತ್ತುಂಟಾ? ಅವರಿಗೆ ಭಾನುವಾರ ಬಿಟ್ಟರೆ ಬೇರೆ ದಿನವೇ ಇಲ್ಲ. ಪ್ರಸ್ಥಾನ ಇಡುವ" ಎಂದರು.

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಪ್ರಯಾಣದ ದಿನ ಒಳ್ಳೆಯದಲ್ಲದಿದ್ದರೆ, ಮೊದಲೇ ಒಂದು ಒಳ್ಳೆಯ ಗಳಿಗೆಯಲ್ಲಿ ಹೊರಡುವವರು ಉಟ್ಟ ಬಟ್ಟೆಯೊಂದನ್ನು, ಅಕ್ಕಿ, ಅಡಿಕೆ, ಅರಸಿನದ ಕೊಂಬಿನ ಜೊತೆ ಗಂಟು ಕಟ್ಟಿ ಊರ ಗಡಿಯಾಚೆ ಯಾರದಾದರೂ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಅವರು ಹೊರಟಂತೆಯೇ ಲೆಕ್ಕ. ಮನೆಯಲ್ಲಿ ಉಂಡುಟ್ಟು ಓಡಾಡಿಕೊಂಡಿರುವುದು ಬರೀ ಶರೀರ. ಹೊರಡುವ ದಿನ ಹೋಗುವ ದಾರಿಯಲ್ಲಿ ಆ ಗಂಟನ್ನು ತಮ್ಮ ಕೈಯಾರೆ ತೆಗೆದುಕೊಳ್ಳಬೇಕು. ಆಗ ಎರಡೂ ಒಂದಾಗುತ್ತವೆ. ಹೋದವರು ಹಿಂದಿರುಗಿ ಬರುತ್ತಾರೆ.

ಬೊಂಬಾಯಿಯಲ್ಲಿ ಊರ ಗಡಿ ಎಲ್ಲಿಂದ ತರುವುದು? ಅಜ್ಜಿ ಬಹಳ ಯೋಚಿಸಿ ಹಾರ್ಬರ್ ಲೈನಿನ ಹಳಿಯೇ ಗಡಿ ಎಂದು ಠರಾಯಿಸಿದರು. ಹಳಿಯಾಚೆ ಮಾಟುಂಗದಲ್ಲಿ ನಮಗೆ ಬೇಕಾದ ಒಬ್ಬ ಮೈಸೂರು ಕಡೆಯ ಹೆಂಗಸಿದ್ದರು. ನಾವು ಮೈಸೂರಮ್ಮ ಎನ್ನುತ್ತಿದ್ದೆವು. ಶುಕ್ರವಾರ ಬೆಳಿಗ್ಗೆ ಚಿಕ್ಕಮ್ಮ ತನ್ನ ಬದನೆಕಾಯಿ ಬಣ್ಣದ ಸೀರೆಯನ್ನು, ಅವಳ ಹತ್ತಿರ ಇದ್ದ ಒಂದೇ ಒಂದು ಹಳದಿ ಅಂಚಿನ ಸೀರೆಯನ್ನು, ಗಂಟು ಕಟ್ಟಿದಳು. ಇಬ್ಬರೂ ಹಳಿ ದಾಟಿ ಹೋಗಿ ಕೊಟ್ಟು ಬಂದೆವು. ಮೈಸೂರಮ್ಮ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು, "ಬಾರಮ್ಮ ಒಳಗೆ" ಎಂದರು. ಚಿಕ್ಕಮ್ಮನಿಗಲ್ಲ, ಗಂಟಿಗೆ. ನಮಗೆ ನಗು ಬಂತು.

ಆದರೆ ಆ ನಾಲ್ಕು ದಿನ ಚಿಕ್ಕಮ್ಮ ಮನೆಯಲ್ಲಿ ಇದ್ದೂ ಇಲ್ಲದ ಹಾಗಿದ್ದಳು. ಕರೆದರೆ ತಡವಾಗಿ ತಿರುಗುತ್ತಿದ್ದಳು. ಹಡಗು ಕೂಗಿದಾಗ ಎದ್ದು ಬರಲಿಲ್ಲ. ಕೊಡಪಾನ ತನ್ನ ಪಾಡಿಗೆ ತಾನು ಗುಂಯ್‌ಗುಟ್ಟಿ ನಿಂತಿತು. "ಯಾಕೆ ಚಿಕ್ಕಮ್ಮಾ?" ಎಂದರೆ, "ನಾನು ಹೊರಟಾಯಿತಲ್ಲ ಮಗಾ" ಎಂದಳು. ತಮಾಷೆಗೆ ಹೇಳಿದಳೆಂದು ಆಗ ಅಂದುಕೊಂಡಿದ್ದೆ.

ಅಮ್ಮ ಬಾಣಂತಿ. ಹೀಗಾಗಿ ಬಂದರಿನವರೆಗೆ ಕಳಿಸಲು ಹೊರಟವರು ಅಪ್ಪ, ಅವರ ಜೊತೆ ನಾನು. ನನ್ನ ಅಗತ್ಯ ಬೇರೆಯೇ ಇತ್ತು. ನಮ್ಮವರಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಹತ್ತಿರ ನೇರವಾಗಿ ಮಾತಾಡುವುದಿಲ್ಲ. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದೂ ಅವರಿಬ್ಬರ ಮಾತು ನಡೆಯುತ್ತಿದ್ದುದು ನನ್ನ ಮೂಲಕ, ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ.

ಟ್ಯಾಕ್ಸಿ ಮಾಟುಂಗದಲ್ಲಿ ನಿಂತಾಗ ಮೈಸೂರಮ್ಮನ ಬಾಗಿಲಿಗೆ ಬೀಗ ಹಾಕಿತ್ತು.

"ನಿನ್ನ ಚಿಕ್ಕಮ್ಮನಿಗೆ ಹೇಳು, ಅವರು ಮರ್ಯಾದೆಯವರು, ಸ್ಟೇಶನ್ನಿಗೇ ತಂದಿರ್ತಾರೆ ಅಂತ" ಎಂದರು ಅಪ್ಪ. ನಾನು ಹೇಳಿದೆ.

ಮೈಸೂರಮ್ಮ ಸ್ಟೇಶನ್ನಿಗೆ ಹೋಗಿದ್ದದ್ದು ನಿಜ. ಆದರೆ ಫಾರಿನ್ನಿಗೆ ಹೋಗುವವರು ವೀಟಿಯಿಂದಲ್ಲದೆ ಹೊರಡುತ್ತಾರೆಯೇ ಎಂದುಕೊಂಡು ಗಾಡಿ ಶುರುವಾಗುವ ವೀಟಿ ಸ್ಟೇಶನ್ನಿಗೆ ಹೋಗಿದ್ದರು. ನಾವು ಹತ್ತಿದ್ದು ದಾದರಿನಲ್ಲಿ. ಅಪ್ಪ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಓಡಿದರು. ಪುಣೆಯ ರೈಲು ಬಂತು, ನಿಂತಿತು, ಕೂಲಿ ಟ್ರಂಕನ್ನು ಒಳಗೆ ತಳ್ಳಿದ. ಮೈಸೂರಮ್ಮ ಎಲ್ಲೂ ಕಾಣಲಿಲ್ಲ. ಗಾಡಿ ಹೊರಟಿತು. ಚಿಕ್ಕಮ್ಮ ಬಾಗಿಲ ಹತ್ತಿರವೇ ನಿಂತು, ಕುರ್ಲಾ ದಾಟುವವರೆಗೂ ಹೊರಗೆ ನೋಡುತ್ತಿದ್ದಳು. ಆಮೇಲೆ ಬಂದು ಕೂತಳು. ಕಿಟಕಿಯ ಪಕ್ಕದ ಸೀಟು ಬಿಟ್ಟು, ಅದರ ಈಚೆಗೆ.

ಕಿಟಕಿ ಸೀಟಿಗೆ ನಾನು ಆಸೆಯಿಂದ ಏಳುವಷ್ಟರಲ್ಲಿ ಅವಳು ಅದರ ಮೇಲೆ ತನ್ನ ಕರ್ಚೀಫು ಹಾಸಿದಳು. ಪುಣೆಯಲ್ಲಿ ಸಣ್ಣ ಗೇಜಿನ ಗಾಡಿಗೆ ಬದಲಾಯಿಸಿದಾಗಲೂ ಹಾಗೆಯೇ ಮಾಡಿದಳು. ಅಲ್ಲಿ ಒಬ್ಬ ಗೋವೆಯ ಅಡುಗೆಯವನು ಬಂದು, "ಯಾರಾದರೂ ಇದ್ದಾರಾ ಬಾಯಿ ಇಲ್ಲಿ?" ಎಂದು ಹಿಂದಿಯಲ್ಲಿ ಕೇಳಿದ.

"ಇದ್ದಾರೆ" ಎಂದಳು ಚಿಕ್ಕಮ್ಮ.

ಅವನು ಖಾಲಿ ಸೀಟನ್ನೂ ಅವಳ ಮುಖವನ್ನೂ ನೋಡಿದ. "ನಿನ್ನೆ ರಾತ್ರಿಯ ನಶೆ ನನಗೆ ಇಳಿದಿದೆ ಅಂದುಕೊಂಡಿದ್ದೆ" ಎಂದು ಗೊಣಗಿ ತನ್ನ ಪೆಟ್ಟಿಗೆಯ ಮೇಲೆಯೇ ಕೂತ. ಅಪ್ಪ ಪೇಪರ್ ಏರಿಸಿ ಮುಖ ಮುಚ್ಚಿಕೊಂಡರು.

ಮಾರನೆಯ ದಿನ ಬೆಳಿಗ್ಗೆ ಕ್ಯಾಸಲ್ ರಾಕ್. ನಮ್ಮ ದೇಶದ ಕೊನೆಯ ಸ್ಟೇಶನ್. ಕಸ್ಟಮ್ಸಿನವರು ಟ್ರಂಕಿನೊಳಗಿನ ಪ್ರತಿಯೊಂದನ್ನೂ ಹೊರತೆಗೆದು, ಕೊಡವಿ, ಬೆಂಚಿನ ಮೇಲೆ ಹರಡಿದರು. ಚಿನ್ನ ಸಾಗಿಸುವವರ ಕಾಲ ಅದು. ಮತ್ತೆ ಮಡಚಿ ಇಟ್ಟವಳು ನಾನು. ಅವಳ ಒಂದೊಂದು ಸೀರೆಯೂ ನನ್ನ ಕೈಯಲ್ಲಿ ಹಾದುಹೋಯಿತು. ಎಲ್ಲ ತಿಳಿ ಬಣ್ಣದವು, ತೊಳೆದು ತೊಳೆದು ಮಾಸಿದವು. ಅವಳು ಉಟ್ಟಿದ್ದದ್ದು ಬೂದು ಬಣ್ಣದ ವಾಯಿಲ್. ಇದನ್ನು ಬರೆದಿಡುವುದಕ್ಕೆ ಕಾರಣವಿದೆ.

ಆಮೇಲೆ ಗಾಡಿ ಸುಮ್ಮನೆ ನಿಂತಿತು. ನಮ್ಮ ಕಡೆಯ ಗಾರ್ಡ್ ಇಳಿದು ಹೋಗಿದ್ದ, ಆ ಕಡೆಯವನು ಇನ್ನೂ ಹತ್ತಿರಲಿಲ್ಲ. ಸ್ವಲ್ಪ ಹೊತ್ತು ಆ ರೈಲು ಯಾರದೂ ಆಗಿರಲಿಲ್ಲ. ಜನರೂ ಯಾಕೋ ಮಾತು ನಿಲ್ಲಿಸಿದ್ದರು. ಅಷ್ಟು ಉದ್ದದ ಗಾಡಿಯಲ್ಲಿ ಒಂದು ಮಗುವೂ ಅಳುತ್ತಿರಲಿಲ್ಲ.

ಅಪ್ಪ ಕನ್ನಡಕ ತೆಗೆದು ಒರೆಸಿದರು. ಅವರು ಬಂದರಿನ ಆಫೀಸಿನ ಗುಮಾಸ್ತೆ, ಶಕುನ ಗಿಕುನ ನಂಬುವವರಲ್ಲ. ಆದರೂ ಹೇಳಿದರು, "ಮಗಾ, ಚಿಕ್ಕಮ್ಮನ ಹತ್ರ ಕೇಳು. ಗಂಟು ಇಲ್ಲದೆ ಹೋಗ್ಲಿಕ್ಕೆ ಮನಸ್ಸು ಒಪ್ಪದಿದ್ರೆ ಇಲ್ಲೇ ಇಳಿಯುವ. ಮನೆಗೆ ಹಿಂದೆ ಹೋಗುವ. ಪರ್ಮಿಟ್ ನಾನು ಮತ್ತೆ ಮಾಡಿಸ್ತೇನೆ. ಇದು ದಾಟಿದ ಮೇಲೆ ಕಷ್ಟ."

ನಾನು ಅವಳ ಕಡೆ ತಿರುಗಿದೆ. ಇಳಿಯೋಣ ಎಂದರೆ ಅವಳು ನಮ್ಮ ಮನೆಗೆ ವಾಪಸು ಬರುತ್ತಾಳೆ, ನನ್ನ ಜಡೆ ಹಾಕುತ್ತಾಳೆ. ಅದು ನನಗೆ ಎಷ್ಟು ಬೇಕಾಗಿತ್ತೆಂದರೆ, ಕೇಳಲು ಬಾಯಿಯೇ ಬರಲಿಲ್ಲ.

ಅವಳು ನನಗಾಗಿ ಕಾಯಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮೊತ್ತಮೊದಲ ಸಲ, ನೇರವಾಗಿ ಅಪ್ಪನ ಮುಖ ನೋಡಿ ಹೇಳಿದಳು:

"ಇಳಿಯುದು ಬೇಡ ಭಾವ. ಅವಳು ಒಳ್ಳೆ ಗಳಿಗೆಯಲ್ಲಿ ಹೊರಟಿದ್ದಾಳೆ. ನಾನು ಇಳಿದ್ರೆ ಅವಳು ಒಬ್ಬಳೇ ಆಗ್ತಾಳೆ."

ಅವಳ ದನಿ ಅಷ್ಟು ದಪ್ಪ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಪ್ಪ ನೋಡುತ್ತಿದ್ದುದು ಕರ್ಚೀಫು ಹಾಸಿದ ಸೀಟನ್ನು. ಆಗ ಆ ಕಡೆಯ ಗಾರ್ಡ್ ಹತ್ತಿ ಸೀಟಿ ಊದಿದ. ಗಾಡಿ ಬ್ರೇಕು ಹಿಡಿದುಕೊಂಡೇ ಘಾಟಿಯಿಳಿಯತೊಡಗಿತು. ಸುರಂಗಗಳ ಕತ್ತಲೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ನನ್ನ ಒಂದು ಕೈ ಚಿಕ್ಕಮ್ಮನ ಕೈಯಲ್ಲಿತ್ತು. ಅವಳ ಇನ್ನೊಂದು ಕೈ ಯಾವ ಕಡೆಗಿತ್ತು ಎಂದು ನೋಡಲು ಧೈರ್ಯವಿರಲಿಲ್ಲ.

ಹಡಗು ಹತ್ತಿಸಿದೆವು. ಅದನ್ನು ಕೊನೆಗೆ ಹೇಳುತ್ತೇನೆ.

ವಡಾಲಕ್ಕೆ ಮರಳಿದ ದಿನ ಸಂಜೆಯೇ ಮೈಸೂರಮ್ಮ ಸಕ್ಕರೆ ಅಚ್ಚು ಹಿಡಿದುಕೊಂಡು ಬಂದರು. ಬೀಗ ಹಾಕಿ ಹೋದದ್ದಕ್ಕೆ ಅಜ್ಜಿ ಅವರನ್ನು ತರಾಟೆಗೆ ತೆಗೆದುಕೊಳ್ಳಲು ಸೆರಗು ಬಿಗಿದು ನಿಂತಿದ್ದರು.

"ಅಯ್ಯೋ, ನೀವೇನು ಅಮ್ಮಾವ್ರೇ ಹೀಗಂತೀರಿ" ಎಂದರು ಮೈಸೂರಮ್ಮ. "ವೀಟಿಲಿ ಗಾಡಿ ಹೊರಡೋ ಹೊತ್ತಿಗೆ ಲೇಡೀಸ್ ಡಬ್ಬಿ ಬಾಗಿಲಲ್ಲೇ ನಿಂತಿದ್ಲಲ್ಲ. ಕೈಗೇ ಕೊಟ್ನಲ್ಲ. ಒಂದು ಮಾತಾಡ್ಲಿಲ್ಲ ಕಣ್ರೀ, ಗಂಟು ಎದೆಗೆ ಅವುಚಿಕೊಂಡು ಒಳಗೆ ಹೋಗ್ಬಿಟ್ಲು. ಪಾಪ, ಗಂಡನ ಹತ್ರ ಹೋಗೋ ಆತುರ ಅಂದ್ಕೊಂಡೆ."

ಮೈಸೂರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, "ಯಾಕ್ರೀ, ಏನಾಯ್ತು?" ಎಂದರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ನೋಡಿ, ನಾನು ಸುಪರ್‌ಸ್ಟಿಷಸ್ ಹೆಂಗಸಲ್ಲ. ಕಾನ್ವೆಂಟಿನ ಸಿಸ್ಟರುಗಳು ಅದನ್ನು ನಮ್ಮ ತಲೆಯಿಂದ ಚೆನ್ನಾಗಿಯೇ ತೊಳೆದಿದ್ದರು. ಅವರದೇ ದೆವ್ವಗಳನ್ನು ಒಳಗೆ ಬಿಟ್ಟದ್ದು ಬೇರೆ ಮಾತು. ಮೈಸೂರಮ್ಮನಿಗೆ ದೃಷ್ಟಿ ಮಂದ. ರಶ್ಶಿನಲ್ಲಿ ಯಾರೋ ಹೆಂಗಸು ಕೊಟ್ಟದ್ದನ್ನು ತೆಗೆದುಕೊಂಡಿರಬಹುದು. ಬೊಂಬಾಯಿಯಲ್ಲಿ ಕೊಟ್ಟದ್ದನ್ನು ಬೇಡ ಎನ್ನುವವರು ಯಾರು. ಪರ್ಫೆಕ್ಟ್ಲಿ ರೀಸನಬಲ್. ಎಷ್ಟೋ ವರ್ಷ ನಾನು ಹೀಗೆಯೇ ಹೇಳಿಕೊಂಡು ಬಂದಿದ್ದೇನೆ.

ಆದರೆ ಅದೇ ವಾರ ಬಂದರಿನಲ್ಲಿ ಹಡಗೊಂದು ಕೂಗಿತು. ಮಧ್ಯಾಹ್ನದ ಬಿಸಿಲು, ಅಜ್ಜಿ ಅಕ್ಕಿ ಆರಿಸುತ್ತಿದ್ದರು, ನಾನು ಟೇಬಲ್ಸ್ ಬಾಯಿಪಾಠ ಮಾಡುತ್ತಿದ್ದೆ. ಹಲಗೆಯ ಮೇಲಿನ ಪಾತ್ರೆಗಳು ಒಂದರ ಹಿಂದೊಂದು ಗುಂಯ್ ಎಂದವು. ಕೊನೆಯ ಕೊಡಪಾನವೂ ಶುರುಮಾಡಿತು. ಮತ್ತೆ ತಟ್ಟನೆ ನಿಂತಿತು. ಉಳಿದವು ಇನ್ನೂ ಅನ್ನುತ್ತಲೇ ಇದ್ದವು.

ಅಜ್ಜಿ ಮೊರ ಕೆಳಗಿಡಲಿಲ್ಲ. ಅಡುಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ. "ಕೂತ್ಕೊಳ್ಳೇ, ಎಷ್ಟು ಹೊತ್ತು ನಿಲ್ತಿ" ಎಂದರು, ಮೆಲ್ಲಗೆ. ನಾನು ಕೂತೇ ಇದ್ದೆ.

ಅಂದಿನಿಂದ ಅಜ್ಜಿ ಸಾಯುವವರೆಗೆ, ಚಿಕ್ಕಮ್ಮ ಮೂರು ವರ್ಷದಲ್ಲಿ ಬರುತ್ತೇನೆಂದು ಮಾತು ಕೊಟ್ಟದ್ದನ್ನು ಯಾರಾದರೂ ಎತ್ತಿದರೆ, "ಬರ್ಲಿಕ್ಕೆ ಅವಳು ಪೂರ್ತಿ ಎಲ್ಲಿ ಹೋಗಿದ್ದಾಳೆ" ಎನ್ನುತ್ತಿದ್ದರು. ಗಡಿಯ ರೈಲು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಚಿಕ್ಕಪ್ಪ, ಚಿಕ್ಕಮ್ಮ ಅಲ್ಲಿಂದ ಲಿಸ್ಬನ್ನಿಗೆ ಹೋದರೆಂದು, ಚೆನ್ನಾಗಿದ್ದಾರೆಂದು ಸುದ್ದಿ ಬರುತ್ತಿತ್ತು. ಅವಳು ಬರಲಿಲ್ಲ. ಲಿಸ್ಬನ್ನಿನಲ್ಲಿ ಅವಳನ್ನು ಕಂಡು ಬಂದ ನಮ್ಮ ಪೈಕಿಯವರೊಬ್ಬರು ಒಮ್ಮೆ ನನಗೆ ಹೇಳಿದರು: "ಏನೋಪ್ಪ, ಎಲ್ಲ ಮಾತಾಡ್ತಾಳೆ, ಊಟ ಹಾಕ್ತಾಳೆ. ಆದ್ರೆ ಎದುರಿಗೆ ಕೂತಾಗ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಇಟ್ಟಿರ್ತಾಳೆ."

ಇನ್ನು ಆ ಹಡಗು.

ಮಾರ್ಮಗೋವಾದಲ್ಲಿ ರೈಲು ಹಳಿ ನೇರ ಹಡಗುಕಟ್ಟೆಯವರೆಗೇ ಹೋಗುತ್ತಿತ್ತು. ಅಷ್ಟು ದೊಡ್ಡ ಬಿಳಿ ಗೋಡೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮೇಲೆ ಬ್ಯಾಂಡು ಬಾರಿಸುತ್ತಿದ್ದರು. ಚಿಕ್ಕಮ್ಮ ನನ್ನ ಜಡೆಯನ್ನು ಬಿಚ್ಚಿ ಮತ್ತೊಮ್ಮೆ ಬಿಗಿಯಾಗಿ ಹೆಣೆದಳು. ಅಪ್ಪನ ಕಾಲಿಗೆ ನಮಸ್ಕಾರ ಮಾಡಿದಳು. ಬೂದು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಹಿಂದೆ ತಿರುಗದೆ ಏಣಿ ಹತ್ತಿ ಒಳಗೆ ಹೋದಳು. ಟ್ರಂಕು ಅದಕ್ಕೂ ಮೊದಲೇ ಹಡಗಿನ ಹೊಟ್ಟೆಗೆ ಹೋಗಿತ್ತು.

ಹಗ್ಗ ಬಿಚ್ಚಿದರು. ಗೋಡೆ ಮೆಲ್ಲಗೆ ಸರಿಯತೊಡಗಿತು. ಕಂಬಿಯುದ್ದಕ್ಕೂ ಜನ, ಟೋಪಿ, ಕರವಸ್ತ್ರ.

"ಅಗೋ, ಅಲ್ಲಿ" ಎಂದರು ಅಪ್ಪ, ಕೆಳಗಿನ ಡೆಕ್ಕಿನ ಹಿಂಭಾಗ ತೋರಿಸಿ. "ಬೂದು ಸೀರೆ. ಕೈ ಬೀಸ್ತಿದ್ದಾಳೆ ನೋಡು."

ನಾನು ಅಷ್ಟರಲ್ಲೇ ಅವಳನ್ನು ನೋಡಿಯಾಗಿತ್ತು, ಮೇಲಿನ ಡೆಕ್ಕಿನ ಮುಂಭಾಗದಲ್ಲಿ. ಬದನೆಕಾಯಿ ಬಣ್ಣ, ಹಳದಿ ಅಂಚು, ಬಿಸಿಲಿಗೆ ಹೊಳೆಯುತ್ತಿತ್ತು. ಅಪ್ಪನಿಗೆ ಹೇಳಲಿಲ್ಲ. ಅವರು ಒಂದು ಕಡೆಗೆ ಕೈ ಬೀಸುತ್ತಿದ್ದರು, ನಾನು ಇನ್ನೊಂದು ಕಡೆಗೆ. ನನ್ನವಳು ತಿರುಗಿ ಕೈ ಬೀಸಲಿಲ್ಲ. ಹಡಗು ಕೂಗಿತು, ನನ್ನ ಕಾಲಕೆಳಗಿನ ಕಲ್ಲು ಗುಂಯ್ ಎಂದಿತು. ಅವಳು ಎದುರಿನ ಕಂಬಿಯ ಮೇಲೆ ಅಂಗೈ ಊರಿ, ಅದು ಸುಮ್ಮನಾಗುವವರೆಗೆ ಒತ್ತಿ ಹಿಡಿದಿದ್ದಳು.