ಲುದ್ವಿಕ್ ಹದ ಮಾಡಿದ ನೆಲ

ಲಿಪೊವೆಟ್ಸ್ ಊರಿನಲ್ಲಿ ಬೈಕ್ ರೇಸಿನ ಟ್ರ್ಯಾಕಿನ ಮಣ್ಣಿನ ಬಗ್ಗೆ ತಮ್ಮದೇ ಅಭಿಪ್ರಾಯ ಇಲ್ಲದವರೆಂದರೆ ಹಲ್ಲು ಬಾರದ ಕೂಸುಗಳು ಮಾತ್ರ. ಹಲ್ಲಿನ ಡಾಕ್ಟರು ಲುದ್ವಿಕ್ ಸ್ಕಿಬಾನ ಬಾಯಿ ತೆರೆಸಿ, ಒಳಗೆ ಯಂತ್ರ ಗುಂಯ್‌ಗುಡಿಸುತ್ತಲೇ, "ಮೊದಲ್ನೇ ತಿರುವಿಗೆ ನೀರು ಸಾಲ್ತಿಲ್ಲ ಕಣಯ್ಯ" ಎನ್ನುತ್ತಿದ್ದರು. ಲುದ್ವಿಕ್ ಆ ಆ ಎಂದು ನರಳಿದರೆ ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತಿದ್ದರು. ಚರ್ಚಿನ ಪಾದ್ರಿಗಳು ಅವನ ಪಾಪನಿವೇದನೆ ಕೇಳಿ ಮುಗಿಸಿ, ಜಾಲರಿಯ ಆಚೆಯಿಂದ ದನಿ ತಗ್ಗಿಸಿ, "ಭಾನುವಾರಕ್ಕೆ ಹೇಗಪ್ಪ, ಸಡಿಲವೋ ಗಟ್ಟಿಯೋ?" ಎಂದು ವಿಚಾರಿಸಿದ್ದೂ ಉಂಟು. ಲುದ್ವಿಕ್ ಎಲ್ಲರಿಗೂ ತಲೆಯಾಡಿಸುತ್ತಿದ್ದ. ಆಮೇಲೆ ಟ್ರ್ಯಾಕ್ಟರ್ ಹತ್ತಿ ತನಗೆ ಸರಿ ಕಂಡಂತೆ ಮಾಡುತ್ತಿದ್ದ.

ಕ್ಲಬ್ಬಿನ ರೇಸಿನ ನೆಲ ನೋಡಿಕೊಳ್ಳುವುದು ಅವನ ಕೆಲಸ. ಒಂದು ಹಳೆಯ ಟ್ರ್ಯಾಕ್ಟರು, ನೀರಿನ ಟ್ಯಾಂಕು, ಒಂದು ರೋಲರು, ಹಿಂದೆ ಎಳೆಯುವ ಹಲ್ಲುಕುಂಟೆ, ಇಷ್ಟೇ ಅವನ ಸಂಸಾರ ಎಂದು ಹೆಂಡತಿ ಬೊಜೆನಾ ಹಂಗಿಸುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಯುದ್ಧ ಮುಗಿದ ಮರುವರ್ಷ, ಊರಿನ ಅರ್ಧ ಮನೆಗಳಿಗೆ ಇನ್ನೂ ಸೂರೇ ಇಲ್ಲದಾಗ, ಇಟ್ಟಿಗೆ ಕಾರ್ಖಾನೆಯ ಹಿಂದಿನ ಹಳ್ಳವನ್ನು ಜನ ಬುಟ್ಟಿಯಲ್ಲಿ ಮಣ್ಣು ಹೊತ್ತು ತುಂಬಿಸಿ ಈ ಟ್ರ್ಯಾಕ್ ಮಾಡಿದ್ದು. ಸೈನ್ಯ ಬಿಟ್ಟುಹೋದ ಬೈಕುಗಳ ಬ್ರೇಕು ಕಿತ್ತೆಸೆದು ಓಡಿಸಿದರು. ಇವತ್ತಿಗೂ ಆ ಬೈಕಿಗೆ ಬ್ರೇಕಿಲ್ಲ, ಗೇರು ಒಂದೇ. ಒಂದು ಓಟಕ್ಕೆ ನಾಲ್ಕು ಜನ, ನಾಲ್ಕು ಸುತ್ತು, ನಿಮಿಷದೊಳಗೆ ಎಲ್ಲಾ ಮುಗಿಯಿತು; ಇಂಥ ಹಲವು ಓಟ ಸೇರಿದರೆ ಒಂದು ಪಂದ್ಯ. ಎಡಗಾಲಿಗೆ ಉಕ್ಕಿನ ಅಟ್ಟೆ ಕಟ್ಟಿಕೊಂಡು, ತಿರುವಿನಲ್ಲಿ ಬೈಕನ್ನು ಅಡ್ಡಡ್ಡ ಜಾರಿಸುತ್ತಲೇ ಹೋಗಬೇಕು. ಹಿಂದಿನ ಚಕ್ರ ಎರಚಿದ ಮಣ್ಣು ಬೇಲಿ ದಾಟಿ ಮೊದಲ ತಿರುವಿನ ಜನರ ತಲೆ ಮೇಲೆ ಸುರಿಯುತ್ತದೆ. ಅಲ್ಲೇ ಕೂರುವ ಅಜ್ಜಿಯರು ಸೂರ್ಯಕಾಂತಿ ಬೀಜ ಸಿಪ್ಪೆ ಬಿಡಿಸುತ್ತ, ತಂದ ಕೇಕಿಗೆ ಮಾತ್ರ ಕಾಗದ ಮುಚ್ಚಿ, ತಮ್ಮ ತಲೆಗೆ ಏನೂ ಮುಚ್ಚಿಕೊಳ್ಳದೆ, ಪ್ರತಿ ಓಟದ ಅಂಕವನ್ನು ಪೆನ್ನಿನಲ್ಲಿ ಬರೆದುಕೊಳ್ಳುತ್ತಾರೆ. ಸ್ವಚ್ಛ ಬಟ್ಟೆಯಲ್ಲಿ ಮನೆಗೆ ಮರಳಿದವನನ್ನು ಆ ದಿನ ಪಂದ್ಯ ನೋಡಿದವನೆಂದೇ ಯಾರೂ ಒಪ್ಪುವುದಿಲ್ಲ.

ಲುದ್ವಿಕ್ ಕೂಡ ಹರೆಯದಲ್ಲಿ ಓಡಿಸಿದವನು. ಎಡಗಾಲು ಬಲಗಾಲಿಗಿಂತ ತುಸು ಗಿಡ್ಡ. ಮಳೆ ಬರುವುದನ್ನು ಅವನ ಸೊಂಟ ರೇಡಿಯೋಗಿಂತ ಮೊದಲೇ ಹೇಳುತ್ತಿತ್ತು. ಅವನ ಜೊತೆಗಾರರಲ್ಲಿ ಟ್ರ್ಯಾಕಿನ ಮೇಲೇ ಸತ್ತ ಇಬ್ಬರ ಫೋಟೋ ಕ್ಲಬ್ಬಿನ ಗೋಡೆಯ ಮೇಲೆ ಕಪ್ಪು ಪಟ್ಟಿಯೊಂದಿಗೆ ತೂಗುತ್ತಿತ್ತು. ಅದರ ಮುಂದೆ ಹಾಯುವಾಗ ಎಂಥ ಬಾಯಿಬಡುಕನೂ ಟೋಪಿ ತೆಗೆದು ಸುಮ್ಮನಾಗುತ್ತಿದ್ದ. ನೆಲ ಎಂದರೆ ತಮಾಷೆಯಲ್ಲ ಎಂದು ಲುದ್ವಿಕ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಲಿಪೊವೆಟ್ಸ್ ಹುಡುಗರಿಗೆ ಸಡಿಲ ಮಣ್ಣೇ ಇಷ್ಟ. ಅದಕ್ಕೆ ಲುದ್ವಿಕ್ ಪ್ರತಿ ಪಂದ್ಯಕ್ಕೂ ನೀರುಣಿಸಿ, ಕುಂಟೆ ಎಳೆದು, ನೆಲವನ್ನು ಆಳವಾಗಿ ಸಡಿಲ ಮಾಡಿಡುತ್ತಿದ್ದ. ಇದು ಎಲ್ಲ ಊರಿನಲ್ಲೂ ನಡೆಯುವುದೇ. ತನ್ನ ಮನೆಯ ನೆಲವನ್ನು ತನಗೆ ಬೇಕಾದಂತೆ ಮಾಡಿಕೊಳ್ಳದವನು ಪೆದ್ದ. ಪಕ್ಕದ ಗ್ರಾಬೂಫ್ ಊರಿನವರದು ಕಲ್ಲಿನಂಥ ನೆಲ. ಅವರು ಇಲ್ಲಿಗೆ ಬಂದಾಗಲೆಲ್ಲ, "ಇವರದು ರೇಸಲ್ಲಪ್ಪಾ, ಆಲೂಗಡ್ಡೆ ಉಳುಮೆ" ಎಂದು ಆಡಿಕೊಳ್ಳುತ್ತಿದ್ದರು.

ಇಂಥ ಗ್ರಾಬೂಫಿನ ರೇಸರ್ ಒಸ್ಕರ್‌ನನ್ನೇ ಲುದ್ವಿಕ್‌ನ ಒಬ್ಬಳೇ ಮಗಳು ಕಿಂಗಾ ಮದುವೆಯಾದಳು. ಮದುವೆ ಊಟದಲ್ಲಿ ಎರಡೂ ಊರಿನವರು ಮೇಜಿನ ಆಚೆ ಈಚೆ ಕೂತು ಒಬ್ಬರನ್ನೊಬ್ಬರು ಗುರಾಯಿಸಿದರು. ವೋಡ್ಕಾ ಎರಡನೇ ಸುತ್ತು ಬರುವಷ್ಟರಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡು ಒಬ್ಬರ ಟ್ರ್ಯಾಕನ್ನು ಇನ್ನೊಬ್ಬರು ಬೈಯುತ್ತಿದ್ದರು. ಒಳ್ಳೆಯ ಮದುವೆ.

ಆ ವರ್ಷ ಸೀಸನ್ನಿನ ಕೊನೆಯ ಪಂದ್ಯ ಬಂದದ್ದು ಇದೇ ಎರಡು ಊರಿಗೆ. ಸೋತವರು ಕೆಳಗಿನ ಲೀಗಿಗೆ ಇಳಿಯಬೇಕು. ಕ್ಲಬ್ಬಿನ ಅಧ್ಯಕ್ಷ ವೊಯ್ನಾರ್ ಟ್ರ್ಯಾಕ್ಟರ್ ಶೆಡ್ಡಿಗೇ ಬಂದು ನಿಂತ.

"ಲುದ್ವಿಕ್, ಭಾನುವಾರ ನಂಗೆ ಆಲೂಗಡ್ಡೆ ಹೊಲಾನೇ ಬೇಕು."

"ಆಗ್ಲಿ ಅಧ್ಯಕ್ಷ್ರೇ. ಬೀಜ ನೀವು ತರ್ತೀರಾ?"

"ತಮಾಷೆ ಸಾಕು. ಅಳಿಯ ಗಿಳಿಯ ಅಂತ ಕೈ ನಡುಗೀತು."

"ಅಳಿಯ ಆಗೋದು ನಮ್ಮನೇಗೆ ಬಂದಾಗ. ಟ್ರ್ಯಾಕ್ ಮೇಲೆ ಅವ್ನು ಗ್ರಾಬೂಫ್‌ನವನು, ಅಷ್ಟೇ."

ಹೇಳುವಾಗ ಲುದ್ವಿಕ್ ಮನಸಾರೆ ಹೇಳಿದ್ದ. ಎರಡು ದಿನ ಕಳೆದು ಬೊಜೆನಾ ಸೌತೆಕಾಯಿ ಸೂಪಿನ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

"ಒಸ್ಕರ್ ಭುಜಕ್ಕೆ ಪ್ಲೇಟ್ ಹಾಕಿ ಇನ್ನೂ ಒಂದು ತಿಂಗಳಾಗಿಲ್ಲ. ಗೊತ್ತಲ್ವ?"

"ಗೊತ್ತು."

"ಸಡಿಲ ಮಣ್ಣಲ್ಲಿ ಗುಂಡಿ ಬಿದ್ರೆ ಹ್ಯಾಂಡ್ಲು ಎಳೆಯೋ ಎಳೆತ ಹೇಗಿರತ್ತೆ ಅಂತ್ಲೂ ಗೊತ್ತಲ್ವ?"

"ಗೊತ್ತು ಕಣೇ. ಅವನನ್ನ ಓಡಿಸ್ಬೇಡ ಅನ್ನು."

"ನಿನ್ನ ಯಾರಾದ್ರೂ ಓಡಿಸ್ಬೇಡ ಅಂದಾಗ ನೀನು ಕೇಳ್ತಿದ್ಯಾ? ಕಿಂಗಾಗೆ ಮಗು ಹುಟ್ಟೋಕೆ ಎಷ್ಟು ದಿನ ಇದೆ ಅಂತ ಲೆಕ್ಕ ಹಾಕ್ಕೊಂಡು ಸೂಪ್ ಕುಡಿ."

ಸಂಜೆ ಕಿಂಗಾಳೇ ಫೋನ್ ಮಾಡಿದಳು. ಹವೆ ಹೇಗಿದೆ, ಅಮ್ಮನ ಮಂಡಿ ಹೇಗಿದೆ ಎಂದೆಲ್ಲ ಕೇಳಿ, ಕೊನೆಗೆ, "ಅಪ್ಪ, ನಾನು ನಿನ್ನ ಏನೂ ಕೇಳ್ತಿಲ್ಲ" ಎಂದಳು. ಆಮೇಲೆ ಫೋನಿಡದೆ ಸುಮ್ಮನೆ ಉಸಿರಾಡುತ್ತಿದ್ದಳು. ಬೊಜೆನಾ ಬೈದದ್ದನ್ನೆಲ್ಲ ತಡೆದುಕೊಂಡಿದ್ದ ಲುದ್ವಿಕ್‌ಗೆ ಆ ಉಸಿರು ತಡೆಯಲಾಗಲಿಲ್ಲ.

ಶನಿವಾರ ಅವನು ಕುಂಟೆಯನ್ನು ಮುಟ್ಟಲಿಲ್ಲ. ನೀರು ಚಿಮುಕಿಸಿ, ರೋಲರ್ ಎಳೆದು, ಮತ್ತೆ ಚಿಮುಕಿಸಿ, ಮತ್ತೆ ಎಳೆದು, ನೆಲವನ್ನು ಊಟದ ಮೇಜಿನ ಹಾಗೆ ಗಟ್ಟಿ ಮಾಡಿದ. ಅದರ ಮೇಲೆ ಎರಡು ಬೆರಳು ದಪ್ಪ ಸಡಿಲ ಮಣ್ಣು ಹರಡಿ, ಗೆರೆ ಎಳೆದು, ನೋಡಿದವರಿಗೆ ಎಂದಿನ ಹೊಲವೇ ಕಾಣುವಂತೆ ಮಾಡಿದ. ವೊಯ್ನಾರ್ ಬೇಲಿಯ ಹೊರಗಿನಿಂದ ನೋಡಿ ಭೇಷ್ ಎಂದ. ಲುದ್ವಿಕ್ ತನಗೆ ತಾನೇ ಸಮಾಧಾನ ಹೇಳಿಕೊಂಡ: ನಿಯಮವೇನೂ ಮುರಿದಿಲ್ಲ, ಎಲ್ಲರಿಗೂ ಒಂದೇ ನೆಲ. ನಮ್ಮವರು ಒಂದು ಓಟ ಓಡಿಸಿದರೆ ಗೊತ್ತಾಗುತ್ತದೆ, ಬೈಕು ಸರಿಮಾಡಿಕೊಳ್ಳುತ್ತಾರೆ. ಮುಂಚೆ ಹೇಳಿದರೆ ಮಾತು ವೊಯ್ನಾರ್ ಕಿವಿಗೆ ಬಿದ್ದು, ಅವನು ನಿಂತು ಅಗೆಸುತ್ತಾನೆ. ಆದ್ದರಿಂದ ಯಾರಿಗೂ ಹೇಳಬಾರದು.

ಭಾನುವಾರ ಚರ್ಚಿನ ಬಾಗಿಲಿನಿಂದ ಹೊರಟ ಜನ ಊಟ ಮುಗಿಸಿ ನೆಟ್ಟಗೆ ಸ್ಟೇಡಿಯಮ್ಮಿಗೆ ಬಂದರು. ಗ್ರಾಬೂಫಿನವರು ಬಸ್ಸುಗಳಲ್ಲಿ ತುತ್ತೂರಿ ಊದಿಕೊಂಡು ಬಂದರು. ಪಂದ್ಯಕ್ಕೆ ಮುಂಚೆ ರೇಸರ್‌ಗಳು ಟ್ರ್ಯಾಕ್ ಸುತ್ತ ನಡೆದು ನೆಲ ನೋಡುವುದು ವಾಡಿಕೆ. ಒಸ್ಕರ್ ಮೊದಲ ತಿರುವಿನಲ್ಲಿ ಹಿಮ್ಮಡಿಯಿಂದ ನೆಲ ಕೆದಕಿದ. ಮತ್ತೆ ಕೆದಕಿದ. ತಲೆಯೆತ್ತಿ ಮಾವನನ್ನು ಹುಡುಕಿದ. ಲುದ್ವಿಕ್ ಟ್ರ್ಯಾಕ್ಟರಿನ ಟೈರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಒಸ್ಕರ್ ತನ್ನವರ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಗ್ರಾಬೂಫಿನ ಮೆಕ್ಯಾನಿಕ್ಕುಗಳು ಹಿಂದಿನ ಚಕ್ರ ಬಿಚ್ಚಿ, ಚೈನಿನ ಹಲ್ಲುಚಕ್ರವಾದ ಸ್ಪ್ರಾಕೆಟ್ಟನ್ನು ಗಟ್ಟಿ ನೆಲಕ್ಕೆ ತಕ್ಕಂತೆ ಬದಲಾಯಿಸತೊಡಗಿದರು.

ಲಿಪೊವೆಟ್ಸ್ ತಂಡದ ನಾಯಕ ಕಾಯೆತಾನ್ ನೆಲ ನೋಡಲು ಹೋಗಲಿಲ್ಲ. ಮೂವತ್ತೈದು ದಾಟಿದವನು, ಚೌಕದ ಬೇಕರಿಯ ವೆರೋನಿಕಾಳ ಗಂಡ. ಹುಡುಗನಾಗಿದ್ದಾಗ ಇದೇ ನೆಲದಲ್ಲಿ ಅವನಿಗೆ ಬೈಕು ಜಾರಿಸಲು ಕಲಿಸಿದವನು ಲುದ್ವಿಕ್. ಕಾಯೆತಾನ್ ಈಗ ಟ್ರ್ಯಾಕ್ಟರಿಗೆ ಒರಗಿ ನಿಂತು ಸೇಬು ಕಚ್ಚುತ್ತಿದ್ದ.

"ಹೇಗಿದೆ ಮಾಮ? ಎಂದಿನ ಹಾಗೇನಾ?"

ನಾಲ್ಕು ಹೆಜ್ಜೆ ಆಚೆ ವೊಯ್ನಾರ್ ನಿಂತಿದ್ದ.

"ಎಂದಿನ ಹಾಗೇ" ಎಂದ ಲುದ್ವಿಕ್.

ಮೊದಲ ಓಟಕ್ಕೆ ಕೆಂಪು ಹೆಲ್ಮೆಟ್ಟಿನ ಕಾಯೆತಾನ್ ಮುಂದೆ ಚಿಮ್ಮಿದ. ಜನ ಎದ್ದು ನಿಂತರು. ತಿರುವಿನಲ್ಲಿ ಅವನು ಇಪ್ಪತ್ತು ವರ್ಷದ ಅಭ್ಯಾಸದಂತೆ ಬೈಕನ್ನು ಮಣ್ಣಿನೊಳಕ್ಕೆ ಎಸೆದ. ಅಲ್ಲಿ ಕಚ್ಚಿ ಹಿಡಿಯುವ ಮಣ್ಣೇ ಇರಲಿಲ್ಲ. ಹಿಂದಿನ ಚಕ್ರ ಹಿಡಿತ ತಪ್ಪಿ ಜಾರಿ, ಬೈಕು ಮತ್ತು ಮನುಷ್ಯ ಎರಡೂ ಬೇಲಿಯ ಗಾಳಿಮೆತ್ತೆಗೆ ಬಡಿದು, ಮನುಷ್ಯ ಮಾತ್ರ ಪುಟಿದು ಟ್ರ್ಯಾಕಿನ ನಡುವೆ ಬಿದ್ದ. ಬೆನ್ನ ಹಿಂದೆಯೇ ಒಸ್ಕರ್ ಇದ್ದ. ಬ್ರೇಕಿಲ್ಲದ ಬೈಕಿನಲ್ಲಿ ಮಾಡಬಹುದಾದದ್ದು ಒಂದೇ. ಅವನು ಬೈಕನ್ನು ಮಲಗಿಸಿ ತಾನೂ ನೆಲಕ್ಕೆ ಬಿದ್ದ. ಬೈಕು ಕಾಯೆತಾನ್‌ನ ತಲೆಯ ಪಕ್ಕದಲ್ಲಿ ಸರಿದುಹೋಯಿತು.

ಮೊದಲು ಎದ್ದವನು ಒಸ್ಕರ್. ಭುಜ ಹಿಡಿದುಕೊಂಡು ಕಾಯೆತಾನ್ ಬಳಿ ಮೊಣಕಾಲೂರಿ, ಕೈ ಬೀಸಿ ಆಂಬುಲೆನ್ಸ್ ಕರೆದ. ಲುದ್ವಿಕ್ ಟ್ರ್ಯಾಕ್ಟರಿನ ಮೇಲೆ ಕೂತೇ ಇದ್ದ.

ನಾಯಕನಿಲ್ಲದ ಲಿಪೊವೆಟ್ಸ್ ಸೋತಿತು, ಕೆಳಗಿನ ಲೀಗಿಗೆ ಇಳಿಯಿತು. ಅಳಿಯನ ಭುಜಕ್ಕೆ ಏನೂ ಆಗಿರಲಿಲ್ಲ. ಪಂದ್ಯ ಮುಗಿದ ಮೇಲೆ ಅವನು ಮುಖದ ಮಣ್ಣನ್ನೂ ಒರೆಸದೆ ಟ್ರ್ಯಾಕ್ಟರ್ ಹತ್ತಿರ ಬಂದ.

"ಮಾವ, ಹೀಗೆ ಮಾಡಿ ಅಂತ ನಾನು ಕೇಳಿರ್ಲಿಲ್ಲ."

"ಗೊತ್ತು ಕಣಪ್ಪ."

"ನಾನಾದ್ರೂ ಅವನಿಗೆ ಹೇಳ್ಬಹುದಿತ್ತು. ಎದುರು ತಂಡದವನು, ನಂಗ್ಯಾಕೆ ಅಂತ ಸುಮ್ನಿದ್ದೆ." ಇಷ್ಟು ಹೇಳಿ ಹೊರಟುಹೋದ.

ಊರು ತೀರ್ಪು ಕೊಡಲು ತಡಮಾಡಲಿಲ್ಲ. ಕಾಯೆತಾನ್‌ಗೆ ವಯಸ್ಸಾಯಿತು, ಕಣ್ಣು ಮಂಜಾಯಿತು, ಮೊದಲ ಓಟದಲ್ಲೇ ಬಿದ್ದು ಊರನ್ನೇ ಬೀಳಿಸಿದ ಎಂದು ಎಲ್ಲ ಕಡೆ ಅದೇ ಮಾತು. ಲುದ್ವಿಕ್‌ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಉಳಿದ ಓಟಗಳಲ್ಲಿ ನೆಲ ಗಟ್ಟಿಯಾಗಿ ಕಂಡದ್ದಕ್ಕೆ, ಬಿಸಿಲಿಗೆ ಒಣಗಿತು ಎಂದು ಹಲ್ಲಿನ ಡಾಕ್ಟರೇ ಕಾರಣ ಹುಡುಕಿಕೊಟ್ಟಿದ್ದರು.

ಆಸ್ಪತ್ರೆಯಲ್ಲಿ ಕಾಯೆತಾನ್ ತೊಡೆಯೊಳಗೆ ಸರಳು ಹಾಕಿಸಿಕೊಂಡು ಮಲಗಿದ್ದ. ಇನ್ನು ಬೈಕು ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಲುದ್ವಿಕ್ ಟೋಪಿ ಹಿಚುಕುತ್ತ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡ.

"ಗೊತ್ತು ಮಾಮ. ದವಡೆ ನೆಲಕ್ಕೆ ಬಡೀತಲ್ಲ, ಆಗ್ಲೇ ಗೊತ್ತಾಯ್ತು. ಅಷ್ಟು ಚೆನ್ನಾಗಿ ರೋಲರ್ ಎಳೆಯೋರು ನೀವೊಬ್ರೇ."

"ಬೈಯೋ. ಸುಮ್ನಿರ್ಬೇಡ."

"ಭುಜ ಮುರಿದವನಿಗೆ ಗುಂಡಿ ತೋಡಿ ಗೆಲ್ಲೋ ಆಸೆ ನಂಗೂ ಇರ್ಲಿಲ್ಲ. ನನ್ನ ಕಿವೀಲಿ ಒಂದು ಮಾತು ಹಾಕಿದ್ರೆ ಸಾಕಿತ್ತು. ಒಂದು ಸ್ಪ್ರಾಕೆಟ್ ಬದಲಾಯಿಸೋಕೆ ಎಷ್ಟು ಹೊತ್ತು ಮಾಮ?" ಕಾಯೆತಾನ್ ಕಿಟಕಿಯ ಕಡೆ ಮುಖ ತಿರುಗಿಸಿದ. "ಹೋಗ್ಲಿ ಬಿಡಿ. ಯಾರಿಗೂ ಹೇಳ್ಬೇಡಿ. ನಿಮ್ಮನ್ನ ಉಳಿಸಲ್ಲ ಇವರು."

ಲುದ್ವಿಕ್ ಆ ಮಾತನ್ನು ಪಾಲಿಸಬೇಕೆಂದೇ ಇದ್ದ. ಹೇಡಿತನಕ್ಕೆ ಇದಕ್ಕಿಂತ ಒಳ್ಳೆಯ ಅಪ್ಪಣೆ ಎಲ್ಲಿ ಸಿಗುತ್ತದೆ? ಆದರೆ ಮರುದಿನ ಬೆಳಿಗ್ಗೆ ಬ್ರೆಡ್ಡಿಗೆಂದು ಬೇಕರಿಯ ಸಾಲಿನಲ್ಲಿ ನಿಂತಾಗ ಹಲ್ಲಿನ ಡಾಕ್ಟರು ಮುಂದೆಯೇ ಇದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ವೆರೋನಿಕಾ ಇದ್ದಾಳೆಂಬ ಪರಿವೆಯೇ ಇಲ್ಲದೆ ಅವರು, "ಅನುಭವ ಇದೆ ಅಂತಾರೆ, ಅಂಬೆಗಾಲಿನ ಮಗೂನೂ ಅಲ್ಲಿ ಬೀಳ್ತಿರ್ಲಿಲ್ಲ" ಎಂದರು. ಸಾಲಿನಲ್ಲಿ ಒಂದಿಬ್ಬರು ನಕ್ಕರು. ವೆರೋನಿಕಾ ತಲೆಯೆತ್ತದೆ ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದಳು. ಅವಳ ಕೈ ಮಾತ್ರ ಒಂದೇ ಕಾಗದವನ್ನು ಮತ್ತೆ ಮತ್ತೆ ಮಡಿಸುತ್ತಿತ್ತು.

"ಅವನು ಬಿದ್ದಿದ್ದಲ್ಲ, ನಾನು ಬೀಳಿಸಿದ್ದು" ಎಂದ ಲುದ್ವಿಕ್.

ಎಲ್ಲರೂ ತಿರುಗಿದರು. ಅವನು ಹೇಳುತ್ತ ಹೋದ: ರೋಲರ್ ಎಳೆದದ್ದು, ಮೇಲೆ ಮಣ್ಣು ಹರಡಿದ್ದು, ಅಳಿಯನ ಭುಜ, ಕೊನೆಗೆ ಕಾಯೆತಾನ್ ಮುಖಕ್ಕೆ ಮುಖ ಕೊಟ್ಟು ಕೇಳಿದಾಗ ಎಂದಿನ ಹಾಗೇ ಎಂದದ್ದು. ಡಾಕ್ಟರ ಬಾಯಿ ತಾನಾಗಿಯೇ ತೆರೆದುಕೊಂಡಿತ್ತು. ಹಿಂದಿನಿಂದ ಯಾರೋ, "ಮಗಳ ಸಂಸಾರಕ್ಕೆ ಊರನ್ನೇ ಮಾರಿದ್ಯಲ್ಲೋ" ಎಂದರು. ಅವನು ಹೌದು ಎಂದ.

ಸಾಲು ತಾನಾಗಿ ಒಡೆದು ಅವನಿಗೆ ದಾರಿ ಬಿಟ್ಟಿತು. ಮರ್ಯಾದೆಗಲ್ಲ, ಹತ್ತಿರ ನಿಲ್ಲಲು ಮನಸ್ಸಿಲ್ಲದೆ. ವೆರೋನಿಕಾ ಎಂದಿನ ಬ್ರೆಡ್ಡನ್ನೇ ತೆಗೆದು ಅವನ ಮುಂದೆ ಇಟ್ಟಳು. ಅವಳ ಕಣ್ಣು ಕೆಂಪಾಗಿತ್ತು.

"ನಿಮ್ಮನ್ನ ಕ್ಷಮಿಸೋದು ನನ್ನ ಕೈಲಿ ಆಗಲ್ಲ ಮಾಮ. ಅದನ್ನ ಕೇಳ್ಬೇಡಿ."

"ಕೇಳಲ್ಲಮ್ಮ."

"ಸಂಜೆ ಆರಕ್ಕೆ ಆಸ್ಪತ್ರೆಗೆ ಬನ್ನಿ. ದಿನಾ ಬನ್ನಿ. ಅವನನ್ನ ಎತ್ತಿ ಕೂರಿಸೋಕೆ ನನ್ನೊಬ್ಬಳ ಕೈಲಿ ಆಗ್ತಿಲ್ಲ."